ಕ್ಲೋರಿನ್ ಹಾಕಿದ ಕೂಡಲೇ ಹಾಟ್ ಟಬ್ ನೀರು ಕಂದು: ಕಬ್ಬಿಣ, ಸುಣ್ಣ ಎರಡನ್ನೂ ಹತೋಟಿಗೆ ತರೋದು ಹೇಗೆ?

ಬಿಸಿನೀರ್ಕೊಳ (ಪ್ರಶ್ನೆ)

1500 ಲೀಟರಿನ ಅಕ್ರಿಲಿಕ್ ಹಾಟ್ ಟಬ್. ತುಂಬಿಸಿದ್ದು ಬೋರ್‌ವೆಲ್ ನೀರು. ಪೈಪಿನಿಂದ ಬೀಳುವಾಗ ಪೂರ್ತಿ ತಿಳಿ, ಡೈಕ್ಲೋರ್ (ಪುಡಿ ರೂಪದ ಕ್ಲೋರಿನ್) ಹಾಕಿದ ಕೆಲವೇ ನಿಮಿಷದಲ್ಲಿ ಚಹಾ ಬಣ್ಣ.

ಪರೀಕ್ಷೆಯ ಅಂಕಿಗಳು: ಕಬ್ಬಿಣ 0.8 ಪಿಪಿಎಂ (ಲೀಟರಿಗೆ ಮಿಲಿಗ್ರಾಂ), ತಾಮ್ರ ಇಲ್ಲ, ಕ್ಯಾಲ್ಸಿಯಂ ಗಡಸುತನ 420, ಒಟ್ಟು ಕ್ಷಾರೀಯತೆ (ಆಸಿಡ್ಡನ್ನು ತಡೆಯೋ ಶಕ್ತಿ, ಮುಖ್ಯವಾಗಿ ಬೈಕಾರ್ಬೊನೇಟ್) 240. ಪಿಎಚ್ ತುಂಬುವಾಗ 7.4 ಇತ್ತು, 38 ಡಿಗ್ರಿಗೆ ಕಾಯಿಸಿ ಜೆಟ್ ಓಡಿಸಿದ ಮೇಲೆ 8.2.

ಕೇಳಬೇಕಾಗಿರೋದು ಇಷ್ಟು. ಈ ನೀರನ್ನು ಉಳಿಸಿಕೊಳ್ಳಬಹುದಾ, ಚೆಲ್ಲಲೇಬೇಕಾ? ಮೆಟಲ್ ಕಂಟ್ರೋಲ್ ಅಂತ ಬರೋ ಬಾಟಲಿ ಹಾಕಿದರೆ ಸಾಕಾ? ಮನೆಯ ಸಾಫ್ಟ್‌ನರ್ ನೀರಿನಿಂದಲೇ ತುಂಬಿಸಿಬಿಟ್ಟರೆ ಎಲ್ಲಾ ಸರಿಹೋಗುತ್ತಾ?

ನೀರುಗಂಟಿ

ಡೈಕ್ಲೋರ್‌ದೇನೂ ತಪ್ಪಿಲ್ಲ. ನೆಲದಾಳದ ನೀರಲ್ಲಿ ಆಮ್ಲಜನಕ ಅಷ್ಟಾಗಿ ಇಲ್ಲದ ಕಾರಣ ಕಬ್ಬಿಣ ಫೆರಸ್ ರೂಪದಲ್ಲಿ ಕರಗಿಕೊಂಡಿರುತ್ತೆ, ಕಣ್ಣಿಗೆ ಕಾಣೋದಿಲ್ಲ. ಕ್ಲೋರಿನ್ ತಾಕಿದರೆ ಅದು ಫೆರಿಕ್ ಆಗಿ, ನೀರಲ್ಲಿ ಕರಗದ ತುಕ್ಕಿನ ಕಣಗಳಾಗಿಬಿಡುತ್ತೆ. ನಿಮಗೆ ಕಾಣ್ತಿರೋದು ಅದೇ.

ಬಾಟಲಿ ಬಗ್ಗೆ ಮೊದಲು ಹೇಳ್ತೀನಿ, ಯಾಕೆಂದರೆ ಹೆಚ್ಚಿನವರು ಎಡವೋದು ಅಲ್ಲೇ. ಮೆಟಲ್ ಕಂಟ್ರೋಲ್ ಕಬ್ಬಿಣವನ್ನು ನೀರಿನಿಂದ ತೆಗೆಯೋದಿಲ್ಲ. ಅದರಲ್ಲಿರೋ ಎಚ್‌ಇಡಿಪಿಯಂಥ ಫಾಸ್ಫೊನೇಟ್, ಕರಗಿರುವ ಲೋಹವನ್ನು ಕಟ್ಟಿಹಾಕಿ ಕಲೆಯಾಗದ ಹಾಗೆ ನೋಡಿಕೊಳ್ಳುತ್ತೆ, ಅಷ್ಟೆ. ಕ್ಲೋರಿನ್ ಅದನ್ನು ನಿಧಾನವಾಗಿ ಒಡೆಯುತ್ತಾ ಹೋಗುತ್ತೆ. ವಾರವಾರ ಸ್ವಲ್ಪ ಸ್ವಲ್ಪ ಸೇರಿಸದಿದ್ದರೆ ಕಟ್ಟು ಬಿಚ್ಚಿ ಅದೇ ಕಬ್ಬಿಣ ಮತ್ತೆ ಹೊರಬರುತ್ತೆ. ಕಬ್ಬಿಣ ನಿಜವಾಗಿ ತೊಲಗಬೇಕಾದರೆ ಫಿಲ್ಟರಿಗೆ ಸಿಕ್ಕಬೇಕು, ಇಲ್ಲಾ ನೀರಿನ ಜೊತೆ ಮೋರಿ ಸೇರಬೇಕು. ಉಳಿದಿರೋ 0.1, 0.2 ಪಿಪಿಎಂ ಹತೋಟಿಯಲ್ಲಿಡೋಕೆ ಬಾಟಲಿ ಒಳ್ಳೆಯದು. 0.8ಕ್ಕೆ ಅದನ್ನೇ ನಂಬಿ ಕೂರಬೇಡಿ.

ಈಗ ನೀರು ಕಂದಾಗಿರೋದು ಒಂದು ರೀತಿಯಲ್ಲಿ ಅನುಕೂಲವೇ. ಕರಗಿದ್ದ ಕಬ್ಬಿಣ ಕಣವಾಗಿದೆ, ಕಣವನ್ನು ಹಿಡಿಯಬಹುದು. ಹೀಟರ್ ಸೆಟ್ಟಿಂಗ್ ಆದಷ್ಟು ಕೆಳಕ್ಕೆ ಇಳಿಸಿ. ಪಂಪು ಕಡಿಮೆ ವೇಗದಲ್ಲಿ ಬಿಡದೆ ಓಡಲಿ. ಇನ್ನೂ ಒಂದಿಷ್ಟು ಕ್ಲೋರಿನ್ ಸೇರಿಸಿ 3 ಪಿಪಿಎಂ ಉಳಿಯೋ ಹಾಗೆ ನೋಡಿಕೊಳ್ಳಿ, ಆಗ ಉಳಿದ ಫೆರಸ್ ಕೂಡ ಕಣವಾಗುತ್ತೆ. ಪಿಎಚ್ 7.6ಕ್ಕಿಂತ ಮೇಲಿದ್ದರೆ ಈ ಕೆಲಸ ಬೇಗ ಆಗುತ್ತೆ, ಹಾಗಾಗಿ ಸದ್ಯಕ್ಕೆ ಆಸಿಡ್ ಮುಟ್ಟಬೇಡಿ. ಮಾಮೂಲಿ ಕಾರ್ಟ್ರಿಡ್ಜಿನ ನೆರಿಗೆಯಲ್ಲಿ ಅತಿ ಸಣ್ಣ ತುಕ್ಕು ನುಸುಳಿಹೋಗುತ್ತೆ. ಕಾರ್ಟ್ರಿಡ್ಜ್ ತೆಗೆದಿಟ್ಟು ಆ ಜಾಗದಲ್ಲಿ ದಿಂಬಿಗೆ ತುಂಬೋ ಪಾಲಿಯೆಸ್ಟರ್ ಹತ್ತಿಯನ್ನು ತೆಳು ಬಟ್ಟೆಯಲ್ಲಿ ಬಿಗಿಯಾಗಿ ಕಟ್ಟಿ ಕೂರಿಸಿ. ಎಳೆಯೊಂದೂ ಪಂಪಿಗೆ ಹೋಗಬಾರದು. ಕೆಲವು ಗಂಟೆಗೊಮ್ಮೆ ತೆಗೆದು ನೋಡಿ, ಇಟ್ಟಿಗೆ ಬಣ್ಣಕ್ಕೆ ತಿರುಗಿದ್ದರೆ ಬದಲಿಸಿ. ಹೊಸ ಹತ್ತಿ ಬೆಳ್ಳಗೇ ಉಳಿಯೋವರೆಗೂ ಇದನ್ನೇ ಮಾಡಬೇಕು.

ಈ ಹಂತದಲ್ಲಿ ಮೆಟಲ್ ಕಂಟ್ರೋಲ್ ಆಗಲಿ ವಿಟಮಿನ್ ಸಿ ಆಗಲಿ ಹಾಕಬೇಡಿ. ವಿಟಮಿನ್ ಸಿ ಹಾಕಿದರೆ ನೀರು ನೋಡನೋಡ್ತಾ ತಿಳಿಯಾಗುತ್ತೆ, ಆದರೆ ಕಬ್ಬಿಣ ಮತ್ತೆ ಕರಗಿ ಅಲ್ಲೇ ಉಳಿದಿರುತ್ತೆ, ಫಿಲ್ಟರಿಗೂ ಸಿಗೋದಿಲ್ಲ.

ಸುಣ್ಣಕಲ್ಲು

ಕಬ್ಬಿಣದ ಮಟ್ಟಿಗೆ ನೀರುಗಂಟಿ ಹೇಳಿದ್ದೆಲ್ಲಾ ಸರಿ. ಆದರೆ ಈ ನೀರನ್ನು ಉಳಿಸಿಕೊಳ್ಳೋ ಮಾತಿಗೆ ನನ್ನ ಒಪ್ಪಿಗೆ ಇಲ್ಲ. ಕಬ್ಬಿಣದಿಂದ ಕಲೆಯಾಗುತ್ತೆ, ಸುಣ್ಣದಿಂದ ಹೀಟರೇ ಹೋಗುತ್ತೆ. 420 ಮತ್ತು 240 ಒಟ್ಟಿಗೆ ಇರೋ ನೀರು ಬಿಸಿ ಟಬ್ಬಿಗೆ ಆಗಿಬರೋದಿಲ್ಲ.

ಲ್ಯಾಂಗೆಲಿಯರ್ ಸೂಚ್ಯಂಕ, ಅಂದರೆ ನೀರು ಸುಣ್ಣ ಕಟ್ಟುತ್ತಾ ಕರಗಿಸುತ್ತಾ ಅಂತ ಹೇಳೋ ಅಂಕಿ, ಹಾಕಿ ನೋಡಿ. ಪಿಎಚ್ 8.2, ಉಷ್ಣತೆಗೆ 0.9, ಕ್ಯಾಲ್ಸಿಯಂಗೆ 2.2, ಕ್ಷಾರೀಯತೆಗೆ 2.4. ಒಟ್ಟು 13.7, ಅದರಲ್ಲಿ ಸೂತ್ರದ ಸ್ಥಿರಾಂಕ 12.1 ಕಳೆದರೆ 1.6. ಸೊನ್ನೆಯ ಆಚೀಚೆ 0.3ರೊಳಗೆ ಇರಬೇಕಾದದ್ದು ಇದು. ಉಪ್ಪು, ಸಕ್ಕರೆ ಬಿಸಿ ನೀರಲ್ಲಿ ಹೆಚ್ಚು ಕರಗುತ್ತವೆ, ಕ್ಯಾಲ್ಸಿಯಂ ಕಾರ್ಬೊನೇಟ್ ಹಾಗಲ್ಲ, ಬಿಸಿಯಾದಷ್ಟೂ ಕರಗೋದು ಕಡಿಮೆ. ಟಬ್ಬಿನಲ್ಲಿ ಅತಿ ಬಿಸಿಯಾದ ಜಾಗ ಹೀಟರ್ ಎಲಿಮೆಂಟಿನ ಮೈ, ಸುಣ್ಣ ಕಟ್ಟೋದೂ ಅಲ್ಲೇ ಮೊದಲು. ಪದರ ದಪ್ಪಗಾದ ಮೇಲೆ ಶಾಖ ನೀರಿಗೆ ದಾಟದೆ ಎಲಿಮೆಂಟ್ ಒಳಗೊಳಗೇ ಬೇಯುತ್ತೆ. ಹೈ ಲಿಮಿಟ್ (ಅತಿ ಬಿಸಿಯಾದರೆ ಹೀಟರ್ ನಿಲ್ಲಿಸೋ ಸ್ವಿಚ್) ಪದೇ ಪದೇ ಟ್ರಿಪ್ ಆಗೋದಕ್ಕೆ ಎಷ್ಟೋ ಸಲ ಇದೇ ಕಾರಣ.

ಪಿಎಚ್ 7.4ರಿಂದ 8.2ಕ್ಕೆ ಏರಿದ್ದಕ್ಕೂ ಕ್ಷಾರೀಯತೆಯೇ ಕಾರಣ. ಬೈಕಾರ್ಬೊನೇಟ್ ಹೆಚ್ಚಿರುವ ನೀರಲ್ಲಿ ಕಾರ್ಬನ್ ಡೈಆಕ್ಸೈಡ್ ತುಂಬಿಕೊಂಡಿರುತ್ತೆ, ಜೆಟ್ಟಿನ ಗಾಳಿ ಅದನ್ನು ಹೊರಗೋಡಿಸುತ್ತೆ, ಪಿಎಚ್ ಏರುತ್ತೆ. ದಿನಾ ಪಿಎಚ್ ಡೌನ್ ಸುರಿಯೋ ಬದಲು ಕ್ಷಾರೀಯತೆಯನ್ನೇ 50–60ಕ್ಕೆ ಇಳಿಸಿ, ಏರಾಟ ತಾನಾಗೇ ನಿಧಾನವಾಗುತ್ತೆ.

ಸಾಫ್ಟ್‌ನರ್ ನೀರು ಅರ್ಧ ಉತ್ತರ ಮಾತ್ರ. ಅದು ಕ್ಯಾಲ್ಸಿಯಂ ತೆಗೆದುಕೊಂಡು ಸೋಡಿಯಂ ಕೊಡುತ್ತೆ, ಬೈಕಾರ್ಬೊನೇಟನ್ನು ಮುಟ್ಟೋದಿಲ್ಲ. ಗಡಸುತನ ಸೊನ್ನೆಗೆ ಹತ್ತಿರ ಬಂದರೂ ನಿಮ್ಮ 240 ಹಾಗೇ ಇರುತ್ತೆ. ಮೇಲಾಗಿ ತೀರಾ ಮೆದು ನೀರಲ್ಲಿ ನೊರೆ ಜಾಸ್ತಿ. ಆರ್‌ಓ ನೀರು ಎರಡನ್ನೂ ಇಳಿಸುತ್ತೆ. ಅರ್ಧ ಆರ್‌ಓ, ಅರ್ಧ ಬೋರ್‌ವೆಲ್ ಬೆರೆಸಿದರೆ ಗಡಸುತನ 210, ಕ್ಷಾರೀಯತೆ 120ರ ಆಸುಪಾಸು ಬಂದು ನಿಲ್ಲುತ್ತೆ. ನಿಮ್ಮ ನೀರಿಗೆ ಇದೇ ಒಳ್ಳೆಯ ದಾರಿ.

ಬಿಸಿನೀರ್ಕೊಳ

ತುಂಬಾ ಸ್ಪಷ್ಟವಾಯ್ತು, ಇಬ್ಬರಿಗೂ ಧನ್ಯವಾದ. ಅಡುಗೆಮನೆಯ ಆರ್‌ಓ ಇದೆ, ಗಂಟೆಗೆ 12 ಲೀಟರಿನಷ್ಟು ಕೊಡುತ್ತೆ. ಕ್ಲೋರಿನ್ ಹಾಕಿ ಕಬ್ಬಿಣ ಇಳಿಸಿದ ನೀರನ್ನೇ ಆರ್‌ಓಗೆ ಕೊಡಬಹುದಾ? ಇನ್ನೊಂದು, ಗಡಸುತನದ ಹನಿ ಪರೀಕ್ಷೆಯಲ್ಲಿ ಕೆಂಪು ಬಣ್ಣ ನೀಲಿಗೆ ಬರೋ ಬದಲು ನೇರಳೆಯಲ್ಲೇ ನಿಂತುಬಿಡ್ತಿದೆ. 420 ಅನ್ನೋದನ್ನ ನಂಬಬಹುದಾ? ಇದರ ಜೊತೆಗೆ ಫಿಲ್ಟರ್ ನಡುವೆ ಇಡೋ ಮಿನರಲ್ ಸ್ಟಿಕ್ ಹಾಕಿದರೆ ಕ್ಲೋರಿನ್ ಕಡಿಮೆ ಸಾಕು ಅಂತಾರೆ, ಅದು ಬೇಕಾ?

ಹನಿಪರೀಕ್ಷೆ

ನೇರಳೆಯಲ್ಲಿ ನಿಲ್ಲೋದು ಲೋಹದ ಕಾಟ. ಕಬ್ಬಿಣ, ತಾಮ್ರ ಸೂಚಕ ಬಣ್ಣಕ್ಕೆ ಅಂಟಿಕೊಂಡು ಬಿಡೋದಿಲ್ಲ. ಹೊಸದಾಗಿ ಮಾದರಿ ತೆಗೆದುಕೊಳ್ಳಿ. ಬಫರ್ (ಪಿಎಚ್ ಸ್ಥಿರವಾಗಿಡೋ ದ್ರಾವಣ), ಸೂಚಕ ಎರಡಕ್ಕೂ ಮೊದಲೇ ಎಣಿಸೋ ದ್ರಾವಣದ 5–6 ಹನಿ ಹಾಕಿ ಕಲಕಿ. ಆಮೇಲೆ ಬಫರ್, ಸೂಚಕ, ಮತ್ತೆ ಹನಿ. ಮೊದಲು ಹಾಕಿದ ಹನಿಗಳನ್ನೂ ಲೆಕ್ಕಕ್ಕೆ ಸೇರಿಸಬೇಕು. ಕೊನೆಕೊನೆಗೆ ಒಂದೊಂದು ಹನಿಗೂ ಚೆನ್ನಾಗಿ ಕಲಕಿ ಬಣ್ಣ ನಿಂತ ಮೇಲೆ ಮುಂದಿನ ಹನಿ ಹಾಕಿ.

ಮೆಟಲ್ ಕಂಟ್ರೋಲ್ ಹಾಕಿದ ಮೇಲೆ ಕಬ್ಬಿಣದ ಪಟ್ಟಿ ಸೊನ್ನೆ ತೋರಿಸಿದರೆ ಹಿಗ್ಗಬೇಡಿ. ಎಷ್ಟೋ ಪಟ್ಟಿಗಳಿಗೆ ಕಟ್ಟಿಹಾಕಿದ ಲೋಹ ಕಾಣೋದೇ ಇಲ್ಲ. ಕರಗಿದ ಲವಣಗಳ ಒಟ್ಟು ಮೊತ್ತ ತೋರಿಸೋ ಟಿಡಿಎಸ್ ಮೀಟರ್ ಕೂಡ ಕಬ್ಬಿಣಕ್ಕಾಗಲಿ ಗಡಸುತನಕ್ಕಾಗಲಿ ಸಾಕ್ಷಿಯಲ್ಲ. ಬಿಳಿ ಬಕೆಟ್ಟಿನಲ್ಲಿ 10 ಲೀಟರ್ ಬೋರ್‌ವೆಲ್ ನೀರಿಗೆ 5 ಪರ್ಸೆಂಟಿನ ಲಿಕ್ವಿಡ್ ಬ್ಲೀಚ್ 2 ಮಿಲಿ ಹಾಕಿ ರಾತ್ರಿಯಿಡೀ ಬಿಡಿ. ಕಿತ್ತಳೆ ಮಿಶ್ರಿತ ಕಂದು ಗಸಿ ಕೂತರೆ ಕಬ್ಬಿಣ, ಕಪ್ಪುಗಂದು ಬಂದರೆ ಮ್ಯಾಂಗನೀಸ್ ಇದೆ ಅಂತ ಅನುಮಾನಿಸಿ. ಮ್ಯಾಂಗನೀಸ್ ಇದ್ದರೆ ತಾಳ್ಮೆ ಬೇಕು, ಅದು ಕ್ಲೋರಿನ್ನಿಗೆ ಕಬ್ಬಿಣದಷ್ಟು ಬೇಗ ಮಣಿಯೋದಿಲ್ಲ.

ಸ್ಟಿಕ್ ಬೇಡ. ಅದು ಬಿಡೋದು ಬೆಳ್ಳಿ, ತಾಮ್ರ. ಲೋಹ ಕಡಿಮೆ ಮಾಡೋಕೆ ಇಷ್ಟು ಪಾಡು ಪಡ್ತಾ ಇನ್ನೊಂದು ಲೋಹವನ್ನು ಕೈಯಾರೆ ಯಾಕೆ ಸೇರಿಸೋದು? ತಾಮ್ರ 0.2 ಪಿಪಿಎಂ ದಾಟಿದರೆ ನೀರಿಗೆ ಹಸಿರು ಛಾಯೆ, ನರೆಗೂದಲಿಗೂ ಹಸಿರು. ಬೆಳ್ಳಿ ಬೂದು, ಕಪ್ಪು ಕಲೆ ಬಿಡುತ್ತೆ. ನಾಳೆ ಎಂದಾದರೂ ಸ್ಟಿಕ್ ಇಲ್ಲದೆಯೂ ತಾಮ್ರ ಕಂಡರೆ ಮೊದಲು ಪಿಎಚ್ ನೋಡಿ: 7ಕ್ಕಿಂತ ಕೆಳಗೆ ಬಹಳ ದಿನ ಇದ್ದರೆ ತಾಮ್ರದ ಪೈಪನ್ನೋ ಹೀಟರಿನ ಭಾಗವನ್ನೋ ನೀರು ತಿಂತಾ ಇದೆ ಅಂತ ಅರ್ಥ.

ನೀರುಗಂಟಿ

ಕ್ಲೋರಿನ್ ಇರೋ ನೀರನ್ನು ಆರ್‌ಓಗೆ ಕೊಡಬೇಡಿ, ಮೆಂಬ್ರೇನ್ ಹಾಳಾಗುತ್ತೆ. ಮುಂದೆ ಕಾರ್ಬನ್ ಫಿಲ್ಟರ್ ಇದ್ದರೂ 5 ಪಿಪಿಎಂ ಕ್ಲೋರಿನ್ನಿಗೆ ಅದು ಬೇಗ ಸೋಲುತ್ತೆ. ಆರ್‌ಓ ಈಗ ಹೇಗೆ ನಡೀತಿದೆಯೋ ಹಾಗೇ ನಡೆಯಲಿ. ಗಂಟೆಗೆ 12 ಲೀಟರಿನಂತೆ 750 ಲೀಟರಿಗೆ 60 ಗಂಟೆ ದಾಟುತ್ತೆ, ಮುಚ್ಚಳವಿರೋ ಡ್ರಮ್ಮುಗಳಲ್ಲಿ ಕೂಡಿಟ್ಟುಕೊಳ್ಳಿ.

ಉಳಿದ 750 ಲೀಟರನ್ನು ಬೇರೆ ಟ್ಯಾಂಕಿನಲ್ಲಿ ತಯಾರು ಮಾಡಿ. 10 ಪರ್ಸೆಂಟಿನ ಲಿಕ್ವಿಡ್ ಕ್ಲೋರಿನ್ 40 ಮಿಲಿ ಹಾಕಿದರೆ ಸುಮಾರು 5 ಪಿಪಿಎಂ. ಚೆನ್ನಾಗಿ ಕಲಕಿ 24 ಗಂಟೆ ಅಲುಗಾಡಿಸದೆ ಬಿಡಿ. ಅಡಿಯಲ್ಲಿ ತುಕ್ಕಿನ ಗಸಿ ನಿಲ್ಲುತ್ತೆ. ತಳದಿಂದ ಒಂದು ಗೇಣು ಮೇಲಿನ ನೀರನ್ನಷ್ಟೇ ಎಳೆದು, 5 ಮೈಕ್ರಾನ್, ಅದರ ಹಿಂದೆ 1 ಮೈಕ್ರಾನ್ ಕಾರ್ಟ್ರಿಡ್ಜ್ ದಾಟಿಸಿ ಟಬ್ಬಿಗೆ ಬಿಡಿ. ತಳದ ನೀರು ಚೆಲ್ಲಬೇಕಾಗುತ್ತೆ, ಹಾಗಾಗಿ ಟ್ಯಾಂಕ್ ತುಂಬುವಾಗಲೇ 100 ಲೀಟರ್ ಹೆಚ್ಚಿಗೆ ತುಂಬಿ. ಇದಕ್ಕೆ ಬ್ಲೀಚಿಂಗ್ ಪೌಡರ್ ಬೇಡ, ಅದರ ಜೊತೆ ಸುಣ್ಣವೂ ಬರುತ್ತೆ.

ಈಗಿರೋ ನೀರು ಚೆಲ್ಲೋದಕ್ಕೆ ನಾನೂ ಒಪ್ತೀನಿ, ಆರ್‌ಓ ಇದ್ದ ಮೇಲೆ ಅದೇ ಸರಿ. ಆದರೆ ಹತ್ತಿಯ ಫಿಲ್ಟರಿನಲ್ಲಿ ಒಂದು ದಿನ ಓಡಿಸಿ, ತಿಳಿಯಾದ ಮೇಲೆ ಚೆಲ್ಲಿ. ಕಂದು ನೀರನ್ನು ಹಾಗೇ ಇಳಿಸಿದರೆ ತುಕ್ಕು ಟಬ್ಬಿನ ತಳದಲ್ಲೂ ಪೈಪಿನ ತಗ್ಗುಗಳಲ್ಲೂ ಕೂತು, ಹೊಸ ನೀರಿಗೆ ಮತ್ತೆ ಅದೇ ಬಣ್ಣ ಕೊಡುತ್ತೆ.

ಸುಣ್ಣಕಲ್ಲು

ಹೊಸ ನೀರು ತುಂಬಿದ ಮೇಲೆ ಯಾವುದಾದ ಮೇಲೆ ಯಾವುದು ಅನ್ನೋದು ಮುಖ್ಯ. ಮೊದಲು ಕಬ್ಬಿಣ ಅಳೆಯಿರಿ. 0.2 ಅಥವಾ ಕಡಿಮೆ ಇದ್ದರೆ ಮೆಟಲ್ ಕಂಟ್ರೋಲ್ ಹಾಕಿ. ಒಂದೊಂದು ಬಾಟಲಿಯ ಗಾಢತೆ ಒಂದೊಂದು, ಪ್ರಮಾಣ ಲೇಬಲ್ ನೋಡಿಯೇ ಹಾಕಬೇಕು. ಪಂಪು ಕೆಲವು ಗಂಟೆ ಓಡಲಿ. ಆಮೇಲೆ ಕ್ಷಾರೀಯತೆ, ಕೊನೆಗೆ ಕ್ಲೋರಿನ್ ಪೂರ್ತಿ ಮಟ್ಟಕ್ಕೆ. ಕ್ಲೋರಿನ್ 3 ಪಿಪಿಎಂಗೆ ಬರೋವರೆಗೂ ನೀರು ತಣ್ಣಗೇ ಇರಲಿ, ಯಾರೂ ಇಳಿಯಬಾರದು. ಕ್ಲೋರಿನ್ ಇಲ್ಲದ ಬೆಚ್ಚಗಿನ ನೀರಲ್ಲಿ ಬ್ಯಾಕ್ಟೀರಿಯಾ ಬಹಳ ಬೇಗ ಬೆಳೆಯುತ್ತೆ.

ಕ್ಷಾರೀಯತೆ ಇಳಿಸೋ ಲೆಕ್ಕ: 1500 ಲೀಟರಿನಲ್ಲಿ 10 ಪಿಪಿಎಂ ಇಳಿಸೋಕೆ ಡ್ರೈ ಆಸಿಡ್, ಅಂದರೆ ಸೋಡಿಯಂ ಬೈಸಲ್ಫೇಟ್, 36 ಗ್ರಾಂ. 120ರಿಂದ 60ಕ್ಕೆ ಸುಮಾರು 215 ಗ್ರಾಂ. ಒಂದೇ ಸಲ ಸುರಿದರೆ ಪಿಎಚ್ ಪಾತಾಳಕ್ಕೆ ಹೋಗುತ್ತೆ. 50 ಗ್ರಾಮನ್ನು ಬಕೆಟ್ ನೀರಿನಲ್ಲಿ ಕರಗಿಸಿ (ನೀರಿಗೆ ಆಸಿಡ್, ಆಸಿಡ್ಡಿಗೆ ನೀರಲ್ಲ), ಪಂಪು ಓಡ್ತಿರುವಾಗ ಹಾಕಿ. ಅರ್ಧ ಗಂಟೆ ಬಿಟ್ಟು ಪಿಎಚ್ ನೋಡಿ. 7.2ರ ಹತ್ತಿರ ಬಂದರೆ ನಿಲ್ಲಿಸಿ, ಮುಚ್ಚಳ ತೆಗೆದು ಜೆಟ್ಟನ್ನು ಗಾಳಿ ಸಮೇತ ಓಡಿಸಿ. ಪಿಎಚ್ 7.6ಕ್ಕೆ ಏರುತ್ತೆ, ಕ್ಷಾರೀಯತೆ ಇಳಿದಲ್ಲೇ ಇರುತ್ತೆ. ಮತ್ತೆ ಮುಂದಿನ ಕಂತು. ಪಿಎಚ್ 7.5, ಗಡಸುತನ 210, ಕ್ಷಾರೀಯತೆ 60ಕ್ಕೆ ಬಂದರೆ ಸೂಚ್ಯಂಕ ಸರಿಯಾಗಿ ಸೊನ್ನೆ.

ಆರ್‌ಓ ಪಾಲು ಹೆಚ್ಚಾಗಿ ಗಡಸುತನ 120ಕ್ಕಿಂತ ಕೆಳಗೆ ಇಳಿದು ನೊರೆ ಕಾಡಿದರೆ ಕ್ಯಾಲ್ಸಿಯಂ ಕ್ಲೋರೈಡ್ ಸೇರಿಸಬಹುದು. 1500 ಲೀಟರಿಗೆ 50 ಪಿಪಿಎಂ ಏರಿಸೋಕೆ ಡೈಹೈಡ್ರೇಟ್ ಆದರೆ 110 ಗ್ರಾಂ. ಕರಗುವಾಗ ಬಕೆಟ್ ಬಿಸಿಯಾಗುತ್ತೆ, ಕೈ ಜೋಪಾನ.

ಆವಿಯಾಗೋದು ಬರೀ ನೀರು, ಸುಣ್ಣ ಹಿಂದೆಯೇ ಉಳಿಯುತ್ತೆ. ಆದ್ದರಿಂದ ಮಟ್ಟ ಇಳಿದಾಗೆಲ್ಲಾ ಆರ್‌ಓ ನೀರನ್ನೇ ಸೇರಿಸಿ, ಬೋರ್‌ವೆಲ್ ನೀರು ಬೇಡ.

ಹನಿಪರೀಕ್ಷೆ

ಇನ್ನೆರಡು ಕೆಲಸ ಬಾಕಿ ಇವೆ. ಟಬ್ ಖಾಲಿ ಮಾಡಿದಾಗ ನೀರಿನ ಗೆರೆಯಲ್ಲಿ ಕಲೆ ಕಂಡರೆ ವಿಟಮಿನ್ ಸಿ ಮಾತ್ರೆಯನ್ನು ಒದ್ದೆ ಮಾಡಿ ಕಲೆಯ ಮೇಲೆ ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಮಾತ್ರೆಯ ಆಕಾರಕ್ಕೆ ಬಿಳಿ ಗುರುತು ಬಿದ್ದರೆ ಅದು ಕಬ್ಬಿಣ, ಅದೇ ಪುಡಿಯನ್ನು ಒದ್ದೆ ಬಟ್ಟೆಗೆ ಹಾಕಿ ಒರೆಸಿದರೆ ಹೋಗುತ್ತೆ. ಗುರುತು ಬೀಳದೆ ಉಗುರಿಗೆ ಒರಟು ತಾಕಿದರೆ ಸುಣ್ಣ, ಅದಕ್ಕೆ ವಿನೆಗರ್ ಬಟ್ಟೆ ಸಾಕು. ಆಮೇಲೆ ಚೆನ್ನಾಗಿ ತೊಳೆಯಿರಿ. ಉಳಿದ ವಿಟಮಿನ್ ಸಿ ಕ್ಲೋರಿನ್ನನ್ನು ತಿನ್ನುತ್ತೆ, ಎರಡೂವರೆ ಗ್ರಾಮಿಗೆ ಒಂದು ಗ್ರಾಂ ಕ್ಲೋರಿನ್ ಲೆಕ್ಕದಲ್ಲಿ.

ತೆಗೆದಿಟ್ಟ ಕಾರ್ಟ್ರಿಡ್ಜಿನಲ್ಲಿ ಈಗಾಗಲೇ ತುಕ್ಕು ಸೇರಿರುತ್ತೆ. ಅದನ್ನು ನೇರವಾಗಿ ಆಸಿಡ್ಡಿಗೆ ಅದ್ದಬೇಡಿ, ಮೈಯೆಣ್ಣೆ, ಲೋಷನ್ ನೆರಿಗೆಯಲ್ಲೇ ಗಟ್ಟಿಯಾಗಿ ಕೂತುಬಿಡುತ್ತೆ. ಮೊದಲು ಜಿಡ್ಡು ತೆಗೆಯೋ ಫಿಲ್ಟರ್ ಕ್ಲೀನರಿನಲ್ಲಿ ರಾತ್ರಿ ನೆನೆಸಿ, ಪೈಪಿನ ನೀರಲ್ಲಿ ಮೇಲಿನಿಂದ ಕೆಳಕ್ಕೆ ನೆರಿಗೆ ಬಿಡಿಸಿ ತೊಳೆಯಿರಿ. ಆಮೇಲೆ 10 ಲೀಟರ್ ನೀರಿಗೆ 500 ಗ್ರಾಂ ಸಿಟ್ರಿಕ್ ಆಸಿಡ್ ಬೆರೆಸಿ ಗುಳ್ಳೆ ನಿಲ್ಲೋವರೆಗೂ ಅದ್ದಿಡಿ. ತುಕ್ಕೂ ಸುಣ್ಣವೂ ಒಟ್ಟಿಗೆ ಬಿಡುತ್ತವೆ. ಆ ಬಕೆಟ್ಟಿಗೆ ಕ್ಲೋರಿನ್ ಏನೂ ತಾಕಬಾರದು, ವಿಷಗಾಳಿ ಏಳುತ್ತೆ. ನಂತರ ಪೂರ್ತಿ ಒಣಗಿಸಿ, ಹೊಸ ನೀರಿನ ಕಬ್ಬಿಣ ಅಳೆದ ಮೇಲೆ ಕೂರಿಸಿ.