ಲೇಜಿಯೋಸ್-1: ಮೂರು ಗುಂಪಿನ ಲೆಕ್ಕ ತಾಳೆಯಾಗ್ತಾ ಇಲ್ಲ, ಈ 7 ಮಿಲಿಮೀಟರ್ ಎಲ್ಲಿಂದ ಬಂತು?

ಪೆರ್ಲದ ಪೋರ (ಪೆರ್ಲ, ಕಾಸರಗೋಡು) · ಭಾನುವಾರ ರಾತ್ರಿ 9:50

ಎಲ್ಲರಿಗೂ ನಮಸ್ಕಾರ. ಇಲ್ಲಿ ಹೆಚ್ಚಿನವರು ಟೆಲಿಸ್ಕೋಪು, ಆಂಟೆನಾ ಅಂತ ಕೇಳುವವರು. ನನ್ನ ಸಮಸ್ಯೆ ಬರೀ ಲೆಕ್ಕದ್ದು. ಯಾರಾದರೂ ಒಬ್ಬರಿಗೆ ಗೊತ್ತಿದ್ದರೂ ಸಾಕು ಅಂತ ಬರೀತಾ ಇದ್ದೇನೆ.

ಹೋದ ವರ್ಷ ಒಂದು ಆನ್‌ಲೈನ್ ತರಬೇತಿಯಲ್ಲಿ ಜರ್ಮನಿಯ ಒಬ್ಬರು, ಜಪಾನಿನ ಒಬ್ಬರು ಪರಿಚಯ ಆದರು. ಮೂವರೂ ಒಂದೇ ಉಪಗ್ರಹ, ಒಂದೇ 7 ದಿನ ತೆಗೆದುಕೊಳ್ಳುವುದು, ಅವರವರ ಪ್ರೋಗ್ರಾಮಲ್ಲಿ ಲೆಕ್ಕ ಹಾಕಿ ಹೋಲಿಸುವುದು ಅಂತ ಮಾತಾಯಿತು. ಆರಿಸಿದ್ದು ಲೇಜಿಯೋಸ್-1. 1976ರಲ್ಲಿ ಹಾರಿಸಿದ 60 ಸೆಂ.ಮೀ. ವ್ಯಾಸದ ಗುಂಡು, ಮೈತುಂಬ 426 ಪ್ರತಿಫಲಕ. ಬ್ಯಾಟರಿಯೂ ಇಲ್ಲ, ಎಂಜಿನ್ನೂ ಇಲ್ಲ. ಸುಮಾರು 5,900 ಕಿ.ಮೀ. ಮೇಲೆ ಸುಮ್ಮನೆ ಸುತ್ತುತ್ತಾ ಉಂಟು. ನೆಲದಿಂದ ಲೇಜರ್ ಬಿಟ್ಟು, ಹೋಗಿ ಬರಲಿಕ್ಕೆ ಎಷ್ಟು ಹೊತ್ತು ಹಿಡಿಯಿತು ಅಂತ ಅಳೆಯುವುದು.

ಕಕ್ಷೆಯನ್ನು ನಾವು ಯಾರೂ ಹೊಂದಿಸ್ತಾ ಇಲ್ಲ. ಐಎಲ್‌ಆರ್‌ಎಸ್ (ಉಪಗ್ರಹಗಳ ಲೇಜರ್ ಅಳತೆಯ ಅಂತರರಾಷ್ಟ್ರೀಯ ಸಂಸ್ಥೆ) ಕೊಡುವ ಸಿದ್ಧ ಕಕ್ಷೆಯನ್ನೇ ಮೂವರೂ ಹಾಕಿದ್ದೇವೆ. ಲೇಜರ್ ಕೇಂದ್ರಗಳ ಸ್ಥಾನ ಎಸ್‌ಎಲ್‌ಆರ್‌ಎಫ್2020 ಪಟ್ಟಿಯಿಂದ. ವಾತಾವರಣಕ್ಕೆ ಮೆಂಡಿಸ್-ಪಾವ್ಲಿಸ್ ಸೂತ್ರ. 120 ಸೆಕೆಂಡಿನ ನಾರ್ಮಲ್ ಪಾಯಿಂಟ್‌ಗಳು (ಅಷ್ಟು ಹೊತ್ತಿನ ಅಳತೆಗಳನ್ನೆಲ್ಲ ಸೇರಿಸಿ ಮಾಡಿದ ಒಂದೊಂದು ಸರಾಸರಿ ಅಳತೆ). ಡೇಟಾವನ್ನು ನಾನು ಅಮೆರಿಕದ ಸಿಡಿಡಿಐಎಸ್ ಭಂಡಾರದಿಂದ ಇಳಿಸಿದ್ದು, ಜರ್ಮನಿಯವರು ಯುರೋಪಿನ ಇಡಿಸಿ ಭಂಡಾರದಿಂದ.

ಶುರುವಿಗೆ ಮೀಟರ್‌ಗಟ್ಟಲೆ ತಪ್ಪು ಬರ್ತಾ ಇತ್ತು. ನೆಲದ ಗುರುತಿಗೂ ಟೆಲಿಸ್ಕೋಪಿನ ಅಳತೆ ಬಿಂದುವಿಗೂ ನಡುವಿನ ಅಂತರದ ಫೈಲನ್ನೇ ನಾನು ಹಾಕಿರಲಿಲ್ಲ. ಅದು ಸರಿ ಆಯ್ತು. ಈಗ ಉಳಿದದ್ದು ಇಷ್ಟು:

ಎಲ್ಲ ಕೇಂದ್ರಗಳಲ್ಲಿಯೂ ನನ್ನ ಉಳಿಕೆ (ಅಳತೆಯಿಂದ ಲೆಕ್ಕ ಕಳೆದದ್ದು) ಅವರಿಬ್ಬರದ್ದಕ್ಕಿಂತ ಸರಾಸರಿ 7 ಮಿ.ಮೀ. ಜಾಸ್ತಿ. ಇಂಗ್ಲೆಂಡಿನ ಹರ್ಸ್ಟ್‌ಮನ್ಸೂ ಕೇಂದ್ರದಲ್ಲಿ 13. ಇನ್ನೊಂದು ಕೇಂದ್ರದಲ್ಲಿ ಉಪಗ್ರಹ ಏರುವಾಗ ಉಳಿಕೆ ಒಂದು ಬದಿಗೆ, ಇಳಿಯುವಾಗ ಇನ್ನೊಂದು ಬದಿಗೆ ವಾಲುತ್ತದೆ. ನನ್ನ ಹತ್ತಿರ ನಾರ್ಮಲ್ ಪಾಯಿಂಟ್‌ಗಳೂ ಜಾಸ್ತಿ ಉಂಟು. ತಮಾಷೆ ಎಂತ ಅಂದರೆ ಜರ್ಮನಿ-ಜಪಾನ್ ನಡುವೆಯೇ 2-3 ಮಿ.ಮೀ. ವ್ಯತ್ಯಾಸ ಉಂಟು. ಯಾರದ್ದನ್ನು ಸರಿ ಅಂತ ಹಿಡಿಯುವುದು ಮಾರಾಯ್ರೇ?

ಆದೋನಿ ಆಕಾಶ (ಆದೋನಿ) · ಭಾನುವಾರ ರಾತ್ರಿ 10:35

ನನಗೆ ಕಾಣೋದು ಗಾಳಿ ಒತ್ತಡದ ತಪ್ಪು. ನೆತ್ತಿಯ ಮೇಲೆ ವಾತಾವರಣದಿಂದ ಬರೋ ವಿಳಂಬವೇ ಸುಮಾರು 2.4 ಮೀಟರ್. ಒತ್ತಡದಲ್ಲಿ 1 ಹೆಕ್ಟೊಪಾಸ್ಕಲ್ ತಪ್ಪಿದರೆ 2.4 ಮಿ.ಮೀ. ಹೋಯ್ತು. 3 ತಪ್ಪಿದರೆ ನಿಮ್ಮ 7 ಬಂತಲ್ಲ? ಅಳತೆಗಳಿರೋ ಸಿಆರ್‌ಡಿ ಫೈಲಿನಲ್ಲಿ 20 ಅಂತ ಶುರುವಾಗೋ ಹವಾಮಾನದ ಸಾಲು ನೋಡಿ. ಉಷ್ಣಾಂಶ ಕೆಲ್ವಿನ್‌ನಲ್ಲಿರುತ್ತೆ, ಅದನ್ನ ಸೆಲ್ಸಿಯಸ್ ಅಂತ ಓದಿಲ್ಲ ತಾನೆ?

ಪೆರ್ಲದ ಪೋರ · ಭಾನುವಾರ ರಾತ್ರಿ 11:20

20ರ ಸಾಲು ಮೂವರದ್ದೂ ಒಂದೇ, ಈಗಷ್ಟೇ ಕೇಳಿದೆ. ಕೆಲ್ವಿನ್ ಅಂತಲೇ ಓದಿದ್ದು. ಇಲ್ಲಿ ಮಳೆಗೆ ಕರೆಂಟು ಹೋಗಿ ಬಂದು ಮಾಡ್ತಾ ಉಂಟು, ಉತ್ತರ ತಡವಾದರೆ ಬೇಸರ ಮಾಡಬೇಡಿ.

ಹೊಸೂರು ಹಿರಿಯ (ಹೊಸೂರು) · ಸೋಮವಾರ ಬೆಳಿಗ್ಗೆ 6:15

ತಮ್ಮಾ, ಸರಾಸರಿ ಹೇಳಿದರೆ ಯಾರಿಗೂ ಏನೂ ಗೊತ್ತಾಗಲ್ಲ. ಆ 7 ಮಿ.ಮೀ. ಎಲ್ಲ ಎತ್ತರ ಕೋನದಲ್ಲೂ ಒಂದೇ ಇದೆಯಾ? ಉಪಗ್ರಹ ನೆತ್ತಿಯ ಹತ್ತಿರ ಇದ್ದಾಗ ಎಷ್ಟು, 20 ಡಿಗ್ರಿಯಲ್ಲಿ ಎಷ್ಟು, ಎರಡೇ ಅಂಕಿ ಹಾಕು. ಹಾಗೇ ಅದೇ ಫೈಲಿನ ಎಚ್4 ಸಾಲನ್ನೂ ಒಮ್ಮೆ ಓದು. ವಾತಾವರಣದ ತಿದ್ದುಪಡಿ ಮೊದಲೇ ಆಗಿದೆಯಾ, ದ್ರವ್ಯಕೇಂದ್ರದ ತಿದ್ದುಪಡಿ ಆಗಿದೆಯಾ ಅಂತೆಲ್ಲ ಅಲ್ಲಿ ಸೊನ್ನೆ-ಒಂದರಲ್ಲಿ ಬರೆದಿರುತ್ತಾರೆ.

ಪೆರ್ಲದ ಪೋರ · ಸೋಮವಾರ ಬೆಳಿಗ್ಗೆ 8:05

ಸರ್, ಎಚ್4ರಲ್ಲಿ ಎರಡೂ ಸೊನ್ನೆ. ನೆತ್ತಿಯ ಹತ್ತಿರ 6 ಮಿ.ಮೀ., 20 ಡಿಗ್ರಿಯಲ್ಲಿ 9ರ ಹತ್ತಿರ.

ಸೊಲ್ಲಾಪುರದ ಮಾಸ್ತರ (ಸೊಲ್ಲಾಪುರ) · ಸೋಮವಾರ ಬೆಳಿಗ್ಗೆ 9:40

ಸಿಕ್ತು ಬಿಡಪಾ. ಇದು ಗಾಳಿ ತಪ್ಪು ಅಲ್ಲ. ಗಾಳಿ ತಪ್ಪು ಇದ್ದಿದ್ರ 20 ಡಿಗ್ರಿಗೆ ಬರೂತನಕ ಮೂರು ಪಟ್ಟು ಆಗ್ತಿತ್ತು, 6 ಇದ್ದದ್ದು 17-18 ಆಗ್ಬೇಕಿತ್ತು. ನಿಂದು ಬರೇ ಒಂದೂವರೆ ಪಟ್ಟು ಬೆಳದದ. ಹಿಂಗ ಬೆಳಿಯೂದು ಒಂದ: ಶಪಿರೊ ವಿಳಂಬ. ಭೂಮಿ ಗುರುತ್ವದಾಗ ಹಾದು ಬರೂ ಬೆಳಕು ಒಂದೀಟು ತಡಾ ಮಾಡ್ತದಲ್ಲ, ಅದನ್ನ ನೀ ಹಾಕಿಲ್ಲ.

ಲೆಕ್ಕ ಹಿಂಗ ಐತಿ ನೋಡು. ಭೂಮಿಯ ಜಿಎಂ (ಗುರುತ್ವ ಸ್ಥಿರಾಂಕಕ್ಕ ಭೂಮಿ ದ್ರವ್ಯರಾಶಿ ಗುಣಿಸಿದ್ದು) ಅನ್ನು ಬೆಳಕಿನ ವೇಗದ ವರ್ಗದಿಂದ ಭಾಗಿಸಿದ್ರ 4.43 ಮಿ.ಮೀ. ಬರ್ತದ. ಅದನ್ನ ಎರಡ್ಪಟ್ಟು ಮಾಡು. ಅದಕ್ಕ ಒಂದು ಲಾಗ್ ಗುಣಿಸು. ಲಾಗ್ ಒಳಗ ಮ್ಯಾಲ ಮೂರು ದೂರ ಕೂಡಿಸೂದು: ಭೂಕೇಂದ್ರದಿಂದ ಲೇಜರ್ ಕೇಂದ್ರಕ್ಕ, ಭೂಕೇಂದ್ರದಿಂದ ಉಪಗ್ರಹಕ್ಕ, ಲೇಜರ್ ಕೇಂದ್ರದಿಂದ ಉಪಗ್ರಹಕ್ಕ. ಕೆಳಗ ಅವ ಮೂರು, ಆದ್ರ ಕಡೀದನ್ನ ಕಳೀಬೇಕು. ಇದು ಒಂದ ಕಡೆ ದಾರಿಗೆ ಮಾತ್ರ. ಲೇಜಿಯೋಸ್‌ಗೆ ನೆತ್ತಿ ಮ್ಯಾಲ 5.8, 20 ಡಿಗ್ರಿಗೆ 8.8 ಬರಬೇಕು. ನಿನ್ನ ಅಂಕಿ ಅದರ ಮ್ಯಾಲ ಕುಂತಾವ.

ಪೆರ್ಲದ ಪೋರ · ಸೋಮವಾರ ಮಧ್ಯಾಹ್ನ 1:30

ಮಾಸ್ತರ್, ನನಗೆ 5.8 ಬರ್ತಾ ಇಲ್ಲ, 2.5 ಬರ್ತದೆ. ಸ್ಪ್ರೆಡ್‌ಶೀಟಲ್ಲಿ ಮಾಡಿ ನೋಡಿದ್ದು.

ಸೊಲ್ಲಾಪುರದ ಮಾಸ್ತರ · ಸೋಮವಾರ ಮಧ್ಯಾಹ್ನ 1:42

ಸ್ಪ್ರೆಡ್‌ಶೀಟಿನ ಲಾಗ್ ಹತ್ತರ ಬುಡದ್ದು ತಮ್ಮಾ! ಇಲ್ಲಿ ಬೇಕಾದದ್ದು ನೇಚುರಲ್ ಲಾಗ್. 2.5ಕ್ಕ 2.303 ಗುಣಿಸು.

ಪೆರ್ಲದ ಪೋರ · ಸೋಮವಾರ ಮಧ್ಯಾಹ್ನ 2:10

ಅಯ್ಯೋ ದೇವರೇ. ಸರಿ ಆಯ್ತು. ಹೆಚ್ಚಿನ ಕೇಂದ್ರಗಳಲ್ಲಿ ಈಗ ವ್ಯತ್ಯಾಸ 1 ಮಿ.ಮೀ.ಗಿಂತ ಒಳಗೆ ಬಂತು. ಹರ್ಸ್ಟ್‌ಮನ್ಸೂದಲ್ಲಿ ಮಾತ್ರ ಇನ್ನೂ 6 ಉಂಟು.

ಹೊಸೂರು ಹಿರಿಯ · ಸೋಮವಾರ ಸಂಜೆ 5:20

ದ್ರವ್ಯಕೇಂದ್ರದ ತಿದ್ದುಪಡಿಗೆ 251 ಮಿ.ಮೀ. ಅಂತ ಎಲ್ಲ ಕೇಂದ್ರಕ್ಕೂ ಒಂದೇ ಹಾಕಿದ್ದೀಯ ಅಲ್ಲವಾ? ಬೆಳಕು ತಿರುಗಿ ಬರೋದು ಗುಂಡಿನ ಮೈಯಲ್ಲಿರುವ ಪ್ರತಿಫಲಕಗಳಿಂದ, ಆದರೆ ಕಕ್ಷೆ ಹೇಳೋದು ಗುಂಡಿನ ನಡುಮಧ್ಯದ ಜಾಗ. ಆ ಅಂತರವೇ ಈ ತಿದ್ದುಪಡಿ. 251 ಅನ್ನೋದು ಹಳೆಯ ಒಂದೇ ಅಂಕಿ. ಒಂದೊಂದೇ ಫೋಟಾನ್ ಹಿಡಿಯುವ ಕೇಂದ್ರಕ್ಕೆ ಗುಂಡಿನ ಮುಂದಿನ ಪ್ರತಿಫಲಕದಿಂದಲೂ ಬೆಳಕು ಬರುತ್ತೆ, ಅಂಚಿನದರಿಂದಲೂ ಬರುತ್ತೆ. ಸರಾಸರಿ ಒಳಕ್ಕೆ ಸರಿಯುತ್ತೆ. ಹರ್ಸ್ಟ್‌ಮನ್ಸೂ ಆ ಜಾತಿಯದು, ಅದಕ್ಕೆ ಸುಮಾರು 245. ನಿನ್ನ 6 ಅಲ್ಲೇ ಇದೆ.

ಯಾವ ಕೇಂದ್ರ, ಯಾವ ಕಾಲಾವಧಿ, ಎಷ್ಟು ತಿದ್ದುಪಡಿ ಅಂತ ಐಎಲ್‌ಆರ್‌ಎಸ್‌ನಲ್ಲಿ ಪಟ್ಟಿಯೇ ಸಿಗುತ್ತೆ. ಕಾಲಾವಧಿ ನೋಡೋದು ಮರೀಬೇಡ. ಡಿಟೆಕ್ಟರ್ ಬದಲಾದರೆ ಅಂಕಿಯೂ ಬದಲಾಗುತ್ತೆ.

ಇನ್ನು ನಿನ್ನ ನಿಜವಾದ ಪ್ರಶ್ನೆ, ಯಾರದ್ದು ಸರಿ ಅನ್ನೋದು. ನಾನು ಸರ್ವೆ ಕೆಲಸದಲ್ಲಿ ಮೂವತ್ತು ವರ್ಷ ಕಳೆದವನು. ಗಡಿಕಲ್ಲಿಗೆ ಎರಡು ಕಡೆಯವರು ಅಳೆದಾಗ ಕೊನೆಯ ಉತ್ತರ ಹಿಡಿದು ಜಗಳಾಡಿದರೆ ಸಂಜೆಯಾದರೂ ಮುಗಿಯಲ್ಲ. ಸರಪಳಿ ಎಲ್ಲಿ ಇಟ್ಟೆ, ಎಷ್ಟು ಸಲ ಇಟ್ಟೆ ಅಂತ ಒಂದೊಂದೇ ಕೇಳಬೇಕು. ನೀವು ಮೂವರೂ ಹೋಲಿಸ್ತಾ ಇರೋದು ಉಳಿಕೆಗಳನ್ನು. ಬಿಟ್ಟುಬಿಡಿ. ಒಂದೇ ಒಂದು ನಾರ್ಮಲ್ ಪಾಯಿಂಟ್ ಆರಿಸಿ. ಅದಕ್ಕೆ ಮೂವರೂ ಒಂದೊಂದು ಕಾಲಂ ತುಂಬಿ: ಸಮಯ, ಬರೀ ಜ್ಯಾಮಿತಿಯ ದೂರ, ವಾತಾವರಣ, ಶಪಿರೊ, ದ್ರವ್ಯಕೇಂದ್ರ, ಅಳತೆ ಬಿಂದುವಿನ ಅಂತರ, ಘನಭೂಮಿಯ ಉಬ್ಬರವಿಳಿತ, ಸಾಗರದ ಭಾರ (ನೀರಿನ ಭಾರಕ್ಕೆ ನೆಲ ಏರಿಳಿಯೋದು), ಧ್ರುವದ ಉಬ್ಬರ (ಭೂಮಿ ತಿರುಗುವ ಅಕ್ಷ ಸರಿದಾಗ ನೆಲ ಏರಿಳಿಯೋದು). ಮೊತ್ತ ಕೂಡಿಸುವ ಮೊದಲೇ ಎಲ್ಲಿ ಒಡೆಯುತ್ತೆ ಅಂತ ಕಾಣುತ್ತೆ. ಸಮಯದ ಕಾಲಂನಲ್ಲಿ ಬೆಳಕು ಹೊರಟ ಹೊತ್ತೋ, ಉಪಗ್ರಹಕ್ಕೆ ತಾಗಿದ ಹೊತ್ತೋ ಅನ್ನೋದನ್ನೂ ಬರೆಯಿರಿ. 11ರ ಸಾಲಿನಲ್ಲಿ ಅದಕ್ಕೊಂದು ಸಂಕೇತ ಇದೆ.

ಆದೋನಿ ಆಕಾಶ · ಸೋಮವಾರ ರಾತ್ರಿ 8:50

ಗಾಳಿ ಅಂತ ಹೇಳಿ ದಾರಿ ತಪ್ಪಿಸಿದ್ದಕ್ಕೆ ಕ್ಷಮಿಸಿ. ಒಂದು ಕುತೂಹಲ: ದೊಡ್ಡ ಸಂಸ್ಥೆಗಳಲ್ಲೂ ಹಿಂಗೇ ಆಗುತ್ತಾ? ಅವರೆಲ್ಲ ಒಂದೇ ಸಾಫ್ಟ್‌ವೇರ್ ಇಟ್ಟುಕೊಂಡರೆ ಈ ರಗಳೆಯೇ ಇರಲ್ಲವಲ್ಲ?

ಸೊಲ್ಲಾಪುರದ ಮಾಸ್ತರ · ಸೋಮವಾರ ರಾತ್ರಿ 9:30

ಬೇಕಂತನ ಬ್ಯಾರೆ ಬ್ಯಾರೆ ಇಟ್ಕೊಂಡಾರ. ಐಎಲ್‌ಆರ್‌ಎಸ್ 1998ರಾಗ ಶುರು ಆತು. ಇಟಲಿ, ಜರ್ಮನಿ, ಇಂಗ್ಲೆಂಡ್, ಅಮೆರಿಕ ಹಿಂಗ ಹಲವು ಕಡೆ ವಿಶ್ಲೇಷಣಾ ಕೇಂದ್ರ ಅದಾವ. ಲೇಜಿಯೋಸ್ ಎರಡು, ಎಟಲಾನ್ ಎರಡು, ನಾಲ್ಕೂ ಉಪಗ್ರಹದ 7 ದಿನದ ಡೇಟಾ ತಗೊಂಡು ಪ್ರತಿಯೊಬ್ರೂ ಕೇಂದ್ರಗಳ ಸ್ಥಾನ, ಭೂಮಿ ತಿರುಗೂ ಅಂಕಿ ಲೆಕ್ಕ ಮಾಡಿ ಸೈನೆಕ್ಸ್ ಅನ್ನೂ ಒಂದ ಮಾದರಿ ಫೈಲಿನಾಗ ಕಳಸ್ತಾರ. ಇಟಲಿಯವರು ಅದನ್ನೆಲ್ಲ ಕೂಡಿಸಿ ಒಂದು ಮಾಡ್ತಾರ. ಮ್ಯೂನಿಕ್‌ನವರ ಸಾಫ್ಟ್‌ವೇರ್ ಡಾಗ್ಸ್, ಪಾಟ್ಸ್‌ಡಾಮ್‌ನವರದ್ದು ಎಪೋಸ್, ಇಂಗ್ಲೆಂಡಿನವರದ್ದು ಸೇಟನ್. ಹೌದು, ಸೈತಾನ ಅಂತನ ಹೆಸರು! ಎಲ್ಲಾರೂ ಒಂದ ಪ್ರೋಗ್ರಾಮ್ ಓಡಿಸಿದ್ರ ಅದರಾಗಿನ ತಪ್ಪು ಎಲ್ಲಾರ ಕಡೆನೂ ಒಂದ ಥರ ಬರ್ತದ, ಯಾರಿಗೂ ಕಾಣೂದಿಲ್ಲ. ಐಟಿಆರ್‌ಎಫ್ ಅನ್ನೂ, ಭೂಮಿ ಮ್ಯಾಲಿನ ಸ್ಥಾನ ಅಳಿಯೂ ಅಂತರರಾಷ್ಟ್ರೀಯ ಚೌಕಟ್ಟಿನ ಮೂಲಬಿಂದು, ಅಂದ್ರ ಭೂಮಿಯ ದ್ರವ್ಯಕೇಂದ್ರ ಎಲ್ಲಿ ಅಂತ ಹೇಳೂದು ಇದ ಡೇಟಾ. ಸಮುದ್ರ ಏರೂದು ವರ್ಷಕ್ಕ ಮೂರ್ನಾಕು ಮಿ.ಮೀ. ಅದನ್ನ ಅಳಿಯೂ ಅಳತಿಗೋಲಿನಾಗ 7 ಮಿ.ಮೀ. ತಪ್ಪಿದ್ರ ಏನ್ ಗತಿ?

ಪೆರ್ಲದ ಪೋರ · ಬುಧವಾರ ರಾತ್ರಿ 10:15

ತಡ ಆಯ್ತು. ನಿನ್ನೆ ಇಡೀ ದಿನ ಕರೆಂಟಿಲ್ಲ, ತೋಟದಲ್ಲಿ ಎರಡು ಅಡಿಕೆ ಮರ ಲೈನಿನ ಮೇಲೆ ಬಿದ್ದಿತ್ತು. ಇವತ್ತು ಸಂಜೆ 7 ಗಂಟೆಗೆ ಮೂವರೂ ಕೂತೆವು. ಜರ್ಮನಿಯಲ್ಲಿ ಮೂರೂವರೆ, ಜಪಾನಿನಲ್ಲಿ ರಾತ್ರಿ ಹತ್ತೂವರೆ. ಪಾಪ ಅವರು ಆಕಳಿಸ್ತಾ ಇದ್ದರು.

ಹಿರಿಯರು ಹೇಳಿದ ಹಾಗೆ ಆಸ್ಟ್ರೇಲಿಯಾದ ಯಾರಗಡೀ ಕೇಂದ್ರದ ಒಂದು ಪಾಯಿಂಟ್ ಹಿಡಿದು ಕಾಲಂ ತುಂಬಿದೆವು. ಜರ್ಮನಿ-ಜಪಾನ್ ವ್ಯತ್ಯಾಸ ಹತ್ತು ನಿಮಿಷದಲ್ಲಿ ಸಿಕ್ಕಿತು. ಧ್ರುವದ ಉಬ್ಬರದ ಕಾಲಂ ಬಿಟ್ಟು ಉಳಿದದ್ದೆಲ್ಲ ಒಂದೇ. ಒಬ್ಬರು ಐಇಆರ್‌ಎಸ್‌ನ (ಭೂಮಿ ತಿರುಗುವುದರ ಲೆಕ್ಕ ಇಡುವ ಅಂತರರಾಷ್ಟ್ರೀಯ ಸಂಸ್ಥೆ) 2010ರ ನಿಯಮಾವಳಿಯ ಹಳೆಯ ಸರಾಸರಿ ಧ್ರುವ ಹಾಕಿದ್ದರು, ಇನ್ನೊಬ್ಬರು 2018ರಲ್ಲಿ ತಿದ್ದಿದ ನೇರ ರೇಖೆಯ ಧ್ರುವ. ವರ್ಷ ಹೋದ ಹಾಗೆ ಎರಡೂ ದೂರ ದೂರ ಹೋಗ್ತವೆ. ಇಬ್ಬರ ಪ್ರೋಗ್ರಾಮಲ್ಲಿಯೂ ತಪ್ಪಿಲ್ಲ. ಇಬ್ಬರೂ "2010ರ ನಿಯಮಾವಳಿ" ಅಂತಲೇ ಬರೆದುಕೊಂಡಿದ್ದರು, ಓದಿದ ಆವೃತ್ತಿ ಬೇರೆ! ಹೊಸದನ್ನೇ ಹಾಕುವುದು ಅಂತ ಆಯ್ತು.

ನನ್ನಲ್ಲಿ ಪಾಯಿಂಟ್ ಜಾಸ್ತಿ ಇದ್ದದ್ದಕ್ಕೆ ಎರಡು ಕಾರಣ. ಕೆಲವು ಕೇಂದ್ರದವರು ಅದೇ ಡೇಟಾವನ್ನು ತಿದ್ದಿ ಮತ್ತೆ ಕಳಿಸಿದ್ದರು, ನಾನು ಹಳೆಯದನ್ನೂ ಹೊಸದನ್ನೂ ಎರಡನ್ನೂ ಲೆಕ್ಕಕ್ಕೆ ತೆಗೆದುಕೊಂಡಿದ್ದೆ. ಎಚ್4ರಲ್ಲಿ ಬಿಡುಗಡೆ ಸಂಖ್ಯೆ ಉಂಟು, ನಾನು ನೋಡಿರಲಿಲ್ಲ. ಮತ್ತೆ, ಐಎಲ್‌ಆರ್‌ಎಸ್‌ನ ಡೇಟಾ ಹ್ಯಾಂಡ್ಲಿಂಗ್ ಫೈಲನ್ನು ನಾನು ಹಾಕಿರಲೇ ಇಲ್ಲ. ಯಾವ ಕೇಂದ್ರದ ಯಾವ ಅವಧಿಯನ್ನು ಬಿಡಬೇಕು, ಎಲ್ಲಿ ಎಷ್ಟು ತಿದ್ದಬೇಕು ಅಂತ ಅದರಲ್ಲಿ ಉಂಟು. ಉಳಿದ ಇಬ್ಬರೂ ಹಾಕಿದ್ದರು, ನನಗೆ ಹೇಳಬೇಕು ಅಂತ ಅವರಿಗೆ ಹೊಳೆಯಲಿಲ್ಲ, ಕೇಳಬೇಕು ಅಂತ ನನಗೂ ಹೊಳೆಯಲಿಲ್ಲ.

ವಾಲುವ ಕೇಂದ್ರ ಮಾತ್ರ ಹಾಗೆಯೇ ಉಂಟು. ಏರುವಾಗ 6 ಮಿ.ಮೀ. ಹೆಚ್ಚು, ಇಳಿಯುವಾಗ 6 ಕಡಿಮೆ. ಈಗ ಮೂವರಿಗೂ ಅದೇ ಬರ್ತದೆ.

ಸೊಲ್ಲಾಪುರದ ಮಾಸ್ತರ · ಬುಧವಾರ ರಾತ್ರಿ 11:05

ಏರೂವಾಗ ಒಂದು, ಇಳಿಯೂವಾಗ ಅದರ ಉಲ್ಟಾ ಇದ್ರ ಅದು ಗಡಿಯಾರ. ದೂರದ ತಪ್ಪಾಗಿದ್ರ ಎರಡೂ ಕಡೆ ಒಂದ ಚಿಹ್ನೆ ಇರ್ತಿತ್ತು. ತೆಳಗಿನ ಕೋನದಾಗ ಲೇಜಿಯೋಸ್ ಸೆಕೆಂಡಿಗೆ ಸುಮಾರು 3 ಕಿ.ಮೀ. ಹತ್ರ ಬರ್ತದ, ಇಲ್ಲಾ ದೂರ ಹೋಗ್ತದ. 6 ಮಿ.ಮೀ. ಅಂದ್ರ 2 ಮೈಕ್ರೋಸೆಕೆಂಡ್ ಆತು. ಹಿಂಗಾಗೂದು ಅಪರೂಪ ಏನಲ್ಲ. ಜೇಸನ್-2 ಉಪಗ್ರಹದಾಗ ಲೇಜರ್‌ನಿಂದ ಗಡಿಯಾರ ಹೋಲಿಸೂ ಟಿ2ಎಲ್2 ಅನ್ನೂ ಉಪಕರಣ ಇಟ್ಟು ನೋಡಿದಾಗ ಎಷ್ಟೋ ಕೇಂದ್ರದ ಗಡಿಯಾರ ಮೈಕ್ರೋಸೆಕೆಂಡ್ ಲೆಕ್ಕದಾಗ ತಪ್ಪಿದ್ದು ಸಿಕ್ಕಿತ್ತು. ಹ್ಯಾಂಡ್ಲಿಂಗ್ ಫೈಲಿನಾಗ ಆ ವಾರಕ್ಕ ಏನರ ಐತೇನು?

ಪೆರ್ಲದ ಪೋರ · ಬುಧವಾರ ರಾತ್ರಿ 11:12

ಇಲ್ಲ. ಆ ವಾರಕ್ಕೆ ಎಂತದೂ ಇಲ್ಲ. ಕೇಂದ್ರದವರಿಗೆ ಬರೆಯುವುದಾ?

ಹೊಸೂರು ಹಿರಿಯ · ಗುರುವಾರ ಬೆಳಿಗ್ಗೆ 6:00

ಈಗಲೇ ಬೇಡ. ನೀವು ಮೂವರೂ ಹಾಕಿರೋ ಕಕ್ಷೆ ಒಂದೇ, ಆದ್ದರಿಂದ ಮೂವರಿಗೂ ಬಂತು ಅಂದಮಾತ್ರಕ್ಕೆ ಮೂರು ಸಾಕ್ಷಿ ಆಗಲ್ಲ. ಅದೇ ವಾರದ ಲೇಜಿಯೋಸ್-2 ಡೇಟಾ ತೆಗೆದು ನೋಡು. ಅದರಲ್ಲೂ 2 ಮೈಕ್ರೋಸೆಕೆಂಡೇ ಬಂದರೆ ಗಡಿಯಾರ. ಬರದಿದ್ದರೆ ಕಕ್ಷೆಯನ್ನು ಅನುಮಾನಿಸು. ಬರೆಯುವಾಗ ಮೂವರ ಹೆಸರೂ ಹಾಕಿ, ಚಿತ್ರ ಲಗತ್ತಿಸಿ. "ನಿಮ್ಮ ಗಡಿಯಾರ ತಪ್ಪಿದೆ" ಅಂತ ಬರೀಬೇಡಿ, "ನಮಗೆ ಹೀಗೆ ಕಾಣ್ತಿದೆ, ಆ ವಾರ ಏನಾದರೂ ಬದಲಾಯಿಸಿದ್ದಿರಾ?" ಅಂತ ಕೇಳಿ. ರಾತ್ರಿಯೆಲ್ಲ ಎದ್ದು ಕೂತು ಅಳೆಯೋರು ಅವರು.

ಪೆರ್ಲದ ಪೋರ · ಶುಕ್ರವಾರ ರಾತ್ರಿ 9:25

ಲೇಜಿಯೋಸ್-2ರಲ್ಲಿಯೂ ಅದೇ ಬಂತು ಸರ್, 1.9 ಮೈಕ್ರೋಸೆಕೆಂಡ್. ಜಪಾನಿನವರು ಪತ್ರ ಬರೀತಾ ಇದ್ದಾರೆ, ನಾನು ಚಿತ್ರ ಮಾಡ್ತಾ ಇದ್ದೇನೆ. 7 ಮಿ.ಮೀ.ನ ಸಮಸ್ಯೆ ಮುಗಿಯಿತು ಅಂತ ಮೇಲೆ ಗುರುತು ಹಾಕ್ತೇನೆ. ಕಾಲಂಗಳ ಖಾಲಿ ಪಟ್ಟಿಯನ್ನು ಕೆಳಗೆ ಲಗತ್ತಿಸಿದ್ದೇನೆ, ಬೇಕಾದವರು ತೆಗೆದುಕೊಳ್ಳಿ. ಶಪಿರೊ ಕಾಲಂನ ತಲೆಯಲ್ಲಿ "ನೇಚುರಲ್ ಲಾಗ್" ಅಂತ ಕೆಂಪಕ್ಷರದಲ್ಲಿ ಬರೆದಿದ್ದೇನೆ.