ನೆರೆ ಪರಿಹಾರ ಕೊಟ್ಟು ಆರು ವರ್ಷ ಆಯಿತು, ಅದು ಉಪಯೋಗಕ್ಕೆ ಬಂತಾ ಅಂತ ತಿಳಿಯುವುದು ಹೇಗೆ?

ಎಳ್ಳುಹೋಳಿಗೆ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದದ ಪ್ರಶ್ನೆ, ದಯವಿಟ್ಟು ಪೂರ್ತಿ ಓದಿ.

2019ರ ಆಗಸ್ಟ್‌ನಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ಮೂರೂ ಉಕ್ಕಿ ಹರಿದಾಗ ನಾವು ಕಾಲೇಜಿನ ಹಳೇ ಗೆಳೆಯರೆಲ್ಲ ಸೇರಿ ಹಣ ಕೂಡಿಸಿದ್ದೆವು. ಸುಮಾರು 11 ಲಕ್ಷ ಆಯಿತು. ಮಲಪ್ರಭಾ ದಂಡೆಯ ಎರಡು ಹಳ್ಳಿಗಳಿಗೆ ಮೊದಲು ದಿನಸಿ, ಚಾಪೆ, ಹೊದಿಕೆಯ ಕಿಟ್ ಕೊಟ್ಟೆವು. ಉಳಿದ ಹಣದಲ್ಲಿ 22 ಹೆಣ್ಣುಮಕ್ಕಳಿಗೆ ಹೊಲಿಗೆ ಯಂತ್ರ ಕೊಟ್ಟೆವು.

ಈಗ ಗುಂಪಿನಲ್ಲಿ ಕೆಲವರು, ಇಂಥದ್ದಕ್ಕೆ ಅಂತಲೇ ಒಂದು ನಿಧಿ ಇಡೋಣ, ಅದಕ್ಕೂ ಮೊದಲು ಹಿಂದಿನ ಕೆಲಸದ ವರದಿ ಬೇಕು ಅಂದರು. ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಕೂತು ನೋಡಿದರೆ ನನ್ನ ಹತ್ತಿರ ಇರುವುದು 640 ಕಿಟ್, 22 ಯಂತ್ರ, ಬಿಲ್ಲುಗಳು, ಒಂದಷ್ಟು ಫೋಟೋ. ಲೆಕ್ಕದಲ್ಲಿ ಒಂದು ರೂಪಾಯಿ ಆಚೀಚೆ ಇಲ್ಲ. ಆದರೆ ಇದರಿಂದ ಆ ಜನರಿಗೆ ಏನಾಯಿತು ಅಂತ ಯಾರಾದರೂ ಕೇಳಿದರೆ ನನ್ನ ಹತ್ತಿರ ಉತ್ತರ ಇಲ್ಲ. ಎರಡು ರಾತ್ರಿಯಿಂದ ಇದೇ ತಲೆಯಲ್ಲಿ ಕೊರೆಯುತ್ತಿದೆ.

ಸುನಾಮಿ, ಭೂಕಂಪದಂಥ ದೊಡ್ಡ ಅನಾಹುತ ಆದಾಗ ಸಾವಿರಾರು ಕೋಟಿ ಖರ್ಚಾಗುತ್ತದಲ್ಲ, ಅದನ್ನು ಹೇಗೆ ಅಳೆಯುತ್ತಾರೆ? ಅದರಲ್ಲಿ ನಮ್ಮಂಥ ಸಣ್ಣ ಗುಂಪು ಕಲಿಯುವಂಥದ್ದು ಏನಾದರೂ ಇದೆಯಾ? ಈ ಕೆಲಸ ಮಾಡಿದವರು ಇದ್ದರೆ ಹೇಳಿ.

ಕರಾವಳಿ ಗಾಳಿ:

ನಾನು ಉಡುಪಿ ಕಡೆಯವನು. 2005ರಲ್ಲಿ ಪೂರ್ತಿ ಒಂದು ವರ್ಷ ನಾಗಪಟ್ಟಿಣಂನಲ್ಲಿ ಇದ್ದೆ, ಒಂದು ಸಂಸ್ಥೆಯ ಕೆಲಸದ ಮೇಲೆ. ಮೀನುಗಾರರ ಮನೆಯಲ್ಲಿ ಹುಟ್ಟಿದವನು, ಬಲೆ ದೋಣಿ ಗೊತ್ತು ಅಂತ ಕಳಿಸಿದ್ದರು. 2004ರ ಡಿಸೆಂಬರ್ 26ರ ಸುನಾಮಿಯಲ್ಲಿ ತಮಿಳುನಾಡಿನಲ್ಲಿ ಅತಿ ಹೆಚ್ಚು ಜನ ಸತ್ತಿದ್ದು ಆ ಜಿಲ್ಲೆಯಲ್ಲೇ, 6,000ಕ್ಕೂ ಹೆಚ್ಚು. ಅಲ್ಲಿ ಕಂಡಿದ್ದನ್ನು ಹೇಳುತ್ತೇನೆ, ನಿಮ್ಮ ಪ್ರಶ್ನೆಗೆ ಉತ್ತರ ಅದರಲ್ಲೇ ಸಿಗಬಹುದು.

ಹೋದ ಕೂಡಲೇ ಕಣ್ಣಿಗೆ ಬಿದ್ದದ್ದು ರಸ್ತೆ ಬದಿಯ ಹಳೇ ಬಟ್ಟೆಯ ರಾಶಿ. ಹರಿದ ಸೀರೆ, ಗುಂಡಿ ಇಲ್ಲದ ಅಂಗಿ, ಆ ಸೆಕೆಯ ಊರಿಗೆ ಸ್ವೆಟರ್. ಯಾರೂ ಮುಟ್ಟಲಿಲ್ಲ. ಸುನಾಮಿಗೆ ಮುಂಚೆ ಅವರು ದುಡಿದು ತಿನ್ನುತ್ತಿದ್ದ ಜನ, ಇನ್ನೊಬ್ಬರು ಉಟ್ಟು ಬಿಟ್ಟದ್ದನ್ನು ಯಾಕೆ ತೊಡುತ್ತಾರೆ? ಕಳಿಸಿದ ಊರಿನಲ್ಲಿ ಅದು ‘ಇಷ್ಟು ಲಾರಿ ಪರಿಹಾರ’ ಅಂತ ಲೆಕ್ಕಕ್ಕೆ ಸೇರಿತ್ತು. ಇಲ್ಲಿ ಅದನ್ನು ಎತ್ತಿ ಹಾಕುವುದೇ ದೊಡ್ಡ ಕೆಲಸ ಆಯಿತು.

ಆಮೇಲೆ ತಾತ್ಕಾಲಿಕ ಶೆಡ್ಡುಗಳು. ಡಾಂಬರು ಹಚ್ಚಿದ ಶೀಟಿನವು. ಬೇಗ ಕಟ್ಟಿದರು, ಅದನ್ನು ನಾನು ಒಪ್ಪುತ್ತೇನೆ, ಜನವರಿಯಲ್ಲಿ ತಲೆ ಮೇಲೆ ಸೂರು ಬೇಕಾಗಿತ್ತು. ಆದರೆ ಮೇ ತಿಂಗಳು ಬಂದಾಗ ಒಳಗೆ ಕೂರಲಿಕ್ಕೇ ಆಗುತ್ತಿರಲಿಲ್ಲ. ತಾಯಂದಿರು ಕೂಸುಗಳನ್ನು ಎತ್ತಿಕೊಂಡು ಇಡೀ ಹಗಲು ಎಲ್ಲಿ ನೆರಳಿದೆಯೋ ಅಲ್ಲಿ ಕೂರುತ್ತಿದ್ದರು. ಜನವರಿಯ ವರದಿಯಲ್ಲಿ ಆ ಶೆಡ್ಡುಗಳು ‘ಪೂರ್ಣಗೊಂಡಿದೆ’ ಅನ್ನುವ ಸಾಲಿನಲ್ಲಿದ್ದವು. ಮೇ ತಿಂಗಳಲ್ಲಿ ಅದೇ ಸಾಲನ್ನು ಇನ್ನೊಮ್ಮೆ ಬರೆಯಲು ಯಾರೂ ಬರಲಿಲ್ಲ.

ದೋಣಿಯ ವಿಷಯ ಹೇಳಲೇಬೇಕು. ದೋಣಿ ಕೊಡುವುದು ಎಲ್ಲರಿಗೂ ಇಷ್ಟ. ಹೆಸರು ಬರೆಸಬಹುದು, ಫೋಟೋ ಚೆನ್ನಾಗಿ ಬರುತ್ತದೆ. ಹೀಗಾಗಿ ಕೆಲವು ಊರಿನಲ್ಲಿ ಮೊದಲು ಇದ್ದದ್ದಕ್ಕಿಂತ ಜಾಸ್ತಿ ಫೈಬರ್ ದೋಣಿ ಬಂದವು. ಶ್ರೀಲಂಕಾದಲ್ಲೂ ಹೀಗೇ ಆಯಿತು, ಸಣ್ಣ ದೋಣಿಗಳು ಬೇಕಾದ್ದಕ್ಕಿಂತ ಹೆಚ್ಚು, ಕೆಲವಂತೂ ಸಮುದ್ರಕ್ಕೆ ಇಳಿಸಲು ಲಾಯಕ್ಕಿಲ್ಲದವು. ದೋಣಿ ಜಾಸ್ತಿ ಆದ ಮಾತ್ರಕ್ಕೆ ಮೀನು ಜಾಸ್ತಿ ಆಗುತ್ತದಾ? ಇತ್ತ ದೋಣಿಯೇ ಇಲ್ಲದವರನ್ನು ಕೇಳುವವರು ಕಡಿಮೆ. ಬುಟ್ಟಿ ಹೊತ್ತು ಮೀನು ಮಾರುವ ಹೆಂಗಸರು, ಉಪ್ಪಿನ ಗದ್ದೆಯ ಕೂಲಿಗಳು, ಉಪ್ಪುನೀರು ನುಗ್ಗಿ ಹಾಳಾದ ಗದ್ದೆಯಲ್ಲಿ ಕೂಲಿಗೆ ಹೋಗುತ್ತಿದ್ದ ದಲಿತ ಕುಟುಂಬಗಳು. ಇವರು ಕಳೆದುಕೊಂಡದ್ದು ವಸ್ತು ಅಲ್ಲ, ಕೆಲಸ. ಅದನ್ನು ಬರೆಯಲು ನಮ್ಮ ಫಾರಂನಲ್ಲಿ ಜಾಗವೇ ಇರಲಿಲ್ಲ. ಆ ಫಾರಂ ಹಿಡಿದು ಮನೆ ಮನೆ ತಿರುಗಿದವನು ನಾನೇ. ಒಬ್ಬ ಅಜ್ಜಿ ‘ಎಲ್ಲರನ್ನೂ ಕೇಳ್ತೀಯ, ನನ್ನನ್ನು ಯಾಕೆ ಕೇಳೋದಿಲ್ಲ’ ಅಂದದ್ದು ಇವತ್ತಿಗೂ ನೆನಪಿದೆ.

ಹಾಗಾಗಿ ನಿಮ್ಮ 640 ಕಿಟ್ ಲೆಕ್ಕ ಇರಲಿ. ಅದರ ಜೊತೆಗೆ ಆ ಎರಡು ಹಳ್ಳಿಯಲ್ಲಿ ಯಾರಿಗೆ ಸಿಗಲಿಲ್ಲ ಅಂತ ಕೇಳಿ. ಊರ ಹೊರಗಿನ ಓಣಿಗೆ ಹೋಗಿ ಕೇಳಿ.

ಲೆಕ್ಕದ ಪುಸ್ತಕ:

ಮೌಲ್ಯಮಾಪನ ನನ್ನ ಉದ್ಯೋಗ. ಹೆಚ್ಚಾಗಿ ನೀರು ಮತ್ತು ಮನೆಗಳ ಯೋಜನೆಗಳು.

ಸುನಾಮಿಯ ನಂತರ ಆದ ಒಂದು ಒಳ್ಳೆಯ ಕೆಲಸ ಹೇಳುತ್ತೇನೆ. ಪ್ರತಿ ಸಂಸ್ಥೆ ತನ್ನ ಬೆನ್ನು ತಾನೇ ತಟ್ಟಿಕೊಳ್ಳುವ ವರದಿ ಬರೆಯುವ ಬದಲು, 40ಕ್ಕೂ ಹೆಚ್ಚು ಸಂಸ್ಥೆಗಳು ಸೇರಿ ಸುನಾಮಿ ಮೌಲ್ಯಮಾಪನ ಒಕ್ಕೂಟ ಅಂತ ಮಾಡಿಕೊಂಡವು. 2006ರ ಜುಲೈಯಲ್ಲಿ ಅದರ ಒಟ್ಟು ವರದಿ ಬಂತು. ಮೊದಲ ದಿನಗಳಲ್ಲಿ ಜೀವ ಉಳಿಸಿದ್ದು ಬಹುಪಾಲು ಅಲ್ಲಿನ ಜನರೇ, ಅಕ್ಕಪಕ್ಕದ ಮನೆಯವರು, ಹತ್ತಿರದ ಊರಿನವರು ಅಂತ ಅದರಲ್ಲಿ ಸ್ಪಷ್ಟವಾಗಿ ಇದೆ. ವಿಮಾನ ಇಳಿದು ಬಂದವರು ಆಮೇಲೆ. ಅಷ್ಟೇ ಅಲ್ಲ, ಹೊರಗಿನಿಂದ ಬಂದ ದೊಡ್ಡ ಸಂಸ್ಥೆಗಳು ಎಷ್ಟೋ ಕಡೆ ಸ್ಥಳೀಯರನ್ನು ಪಕ್ಕಕ್ಕೆ ಸರಿಸಿದವು ಅಂತಲೂ ಇದೆ.

ಇನ್ನೊಂದು ಲೆಕ್ಕ ನೋಡಿ. ಒಟ್ಟು ಬಂದ ನೆರವನ್ನು ಸುನಾಮಿ ಸಂತ್ರಸ್ತರ ತಲೆಗೆ ಹಂಚಿದರೆ 7,000 ಡಾಲರಿಗೂ ಹೆಚ್ಚು. ಅದೇ 2004ರಲ್ಲಿ ಬಾಂಗ್ಲಾದೇಶದಲ್ಲಿ ಭಾರೀ ನೆರೆ ಬಂತು, ಅಲ್ಲಿ ತಲೆಗೆ ಸಿಕ್ಕಿದ್ದು 3 ಡಾಲರ್. ಹಸಿವು ಎರಡೂ ಕಡೆ ಒಂದೇ ಅಲ್ವಾ. ಟಿವಿಯಲ್ಲಿ ಎಷ್ಟು ಕಂಡಿತು ಅನ್ನುವುದರ ಮೇಲೆ ಹಣ ಹೋಯಿತು, ಅಗತ್ಯದ ಮೇಲೆ ಅಲ್ಲ. ಗಡಿಯಿಲ್ಲದ ವೈದ್ಯರು ಸಂಸ್ಥೆ ಒಂದೇ ವಾರದಲ್ಲಿ, ಸುನಾಮಿಗೆ ನಮ್ಮ ಹತ್ತಿರ ಸಾಕಷ್ಟು ಹಣ ಬಂದಿದೆ, ಇನ್ನು ಬೇಡ ಅಂತ ಹೇಳಿಬಿಟ್ಟಿತು. ಬೈಸಿಕೊಂಡರು. ನನ್ನ ಪ್ರಕಾರ ಅದು ಸರಿಯಾದ ನಿರ್ಧಾರ.

ಅಳತೆಗೋಲು ಇಲ್ಲ ಅಂತೇನಿಲ್ಲ. ಪರಿಹಾರ ಸಂಸ್ಥೆಗಳು ಪಾಲಿಸಬೇಕಾದ ಕನಿಷ್ಠ ಮಟ್ಟ ಹೇಳುವ ಸ್ಫಿಯರ್ ಅನ್ನುವ ಅಂತಾರಾಷ್ಟ್ರೀಯ ಮಾನದಂಡ ಇದೆ. ಒಬ್ಬರಿಗೆ ದಿನಕ್ಕೆ ಕನಿಷ್ಠ 15 ಲೀಟರ್ ನೀರು, 20 ಜನಕ್ಕೆ ಒಂದು ಶೌಚಾಲಯ, ಹೀಗೆ. ಅದು ಬೇಕು. ಆದರೆ ಶೌಚಾಲಯ ಎಣಿಸಿದರೆ ಸಾಲದು. ಅದು ಕತ್ತಲಲ್ಲಿ ಇದ್ದರೆ, ಬಾಗಿಲಿಗೆ ಚಿಲಕ ಇಲ್ಲದಿದ್ದರೆ ಹೆಣ್ಣುಮಕ್ಕಳು ಹೋಗುವುದಿಲ್ಲ. ಎಣಿಕೆಯಲ್ಲಿ ಪಾಸು, ಬಳಕೆಯಲ್ಲಿ ಫೇಲು.

ಕಷ್ಟ ಇರುವುದು ಇನ್ನೊಂದು ಪ್ರಶ್ನೆಯಲ್ಲಿ. ನೀವು ಕೊಡದೇ ಇದ್ದಿದ್ದರೆ ಏನಾಗುತ್ತಿತ್ತು? ನಿಮ್ಮ ಕಿಟ್ ಬರದಿದ್ದರೂ ಸರ್ಕಾರದ್ದೋ ಮಠದ್ದೋ ಅಕ್ಕಿ ಬರುತ್ತಿತ್ತು ಅಂತಾದರೆ ಲೆಕ್ಕ ಬೇರೆಯೇ ಆಗುತ್ತದೆ. ಇದಕ್ಕೆ ಬಾಂಗ್ಲಾದೇಶದಲ್ಲಿ 2020ರ ನೆರೆಯಲ್ಲಿ ಒಂದು ಒಳ್ಳೆಯ ಪ್ರಯತ್ನ ಆಯಿತು. ನೀರು ಏರುತ್ತದೆ ಅಂತ ಮುನ್ಸೂಚನೆ ಸಿಕ್ಕ ಕೂಡಲೇ, ನೆರೆಗೆ ಮುಂಚೆಯೇ, ಸಾವಿರಾರು ಮನೆಗಳಿಗೆ ಮೊಬೈಲ್ ಮೂಲಕ 4,500 ಟಾಕಾ ಕಳಿಸಿದರು. ಆಮೇಲೆ ಹಣ ಸಿಕ್ಕವರನ್ನೂ, ಅಂಥದ್ದೇ ಸ್ಥಿತಿಯಲ್ಲಿದ್ದು ಹಣ ಸಿಗದವರನ್ನೂ ಹೋಲಿಸಿ ನೋಡಿದರು. ಸಿಕ್ಕವರ ಮನೆಯಲ್ಲಿ ಇಡೀ ದಿನ ಉಪವಾಸ ಇದ್ದವರು ಕಡಿಮೆ. ಹೋಲಿಕೆ ಇಲ್ಲದೆ ಇದು ಗೊತ್ತಾಗುತ್ತಲೇ ಇರಲಿಲ್ಲ.

ಸಿಡ್ನಿಯಿಂದ:

ನಾನು ಹಣ ಕೊಡುವ ಕಡೆಯವನು. ನೇರವಾಗಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. 11 ಲಕ್ಷದ ಕೆಲಸಕ್ಕೆ ಇಷ್ಟೆಲ್ಲ ಮೌಲ್ಯಮಾಪನ ಬೇಕಾ? ಓಡಾಟ, ಸರ್ವೆ, ವರದಿ ಅಂತ ಒಂದು ಲಕ್ಷ ಹೋದರೆ ಆ ದುಡ್ಡಿನಲ್ಲಿ ಒಂದು ಮನೆಯ ಮಾಡು ರಿಪೇರಿ ಆಗುತ್ತಿತ್ತು. ಮುಳುಗುತ್ತಿರುವವನಿಗೆ ಕೈ ಕೊಟ್ಟು, ಆರು ವರ್ಷ ಬಿಟ್ಟು ಹೋಗಿ ‘ನನ್ನ ಕೈ ಹೇಗಿತ್ತು’ ಅಂತ ಕೇಳುವುದು ನನಗೆ ಸರಿ ಅನ್ನಿಸುವುದಿಲ್ಲ. ಆ ಜನರಿಗೂ ಪ್ರಶ್ನೆಗಳಿಗೆ ಉತ್ತರ ಹೇಳಿ ಹೇಳಿ ಸಾಕಾಗಿರುತ್ತದೆ.

ಲೆಕ್ಕದ ಪುಸ್ತಕ:

ಸಾಕಾಗಿರುತ್ತದೆ ಅನ್ನುವುದು ನೂರಕ್ಕೆ ನೂರು ನಿಜ. ಸುನಾಮಿ ಆದಮೇಲೆ ಒಂದೇ ಊರಿಗೆ ಎಷ್ಟೋ ತಂಡಗಳು ಬಂದು ಅದೇ ಪ್ರಶ್ನೆ ಕೇಳಿ ಹೋದವು. ಖರ್ಚಿನ ಮಾತೂ ಸರಿ, ಲಕ್ಷ ರೂಪಾಯಿಯ ಸರ್ವೆ ನಿಮಗೆ ಬೇಡ.

ಆದರೆ ಕೇಳದೇ ಬಿಟ್ಟರೆ ಏನಾಗುತ್ತದೆ ಅಂತಲೂ ನೋಡಿ. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ ಕಿಲ್ಲಾರಿ ಭೂಕಂಪ ಆಯಿತು. ನಮ್ಮ ಬೀದರ್, ಕಲಬುರಗಿಯಲ್ಲೂ ನೆಲ ನಡುಗಿತ್ತು. ಲಾತೂರ್, ಉಸ್ಮಾನಾಬಾದ್ ಜಿಲ್ಲೆಗಳ 52 ಹಳ್ಳಿಗಳನ್ನು ಪೂರ್ತಿ ಬೇರೆ ಕಡೆ ಕಟ್ಟಿದರು. ಗುತ್ತಿಗೆದಾರರು ಕಟ್ಟಿದ ಮನೆ, ಪಟ್ಟಣದ ಬಡಾವಣೆ ಥರ ನೆಟ್ಟಗಿನ ಬೀದಿ. ಒಕ್ಕಲುತನದವರಿಗೆ ಅದು ಹೊಂದಲಿಲ್ಲ. 2001ರ ಜನವರಿ 26ರಂದು ಕಛ್‌ನಲ್ಲಿ ಭೂಕಂಪ ಆದಾಗ ಬೇರೆ ದಾರಿ ಹಿಡಿದರು. ಹೆಚ್ಚಿನವರಿಗೆ ಹಣವನ್ನು ಕಂತಿನಲ್ಲಿ ಕೊಟ್ಟು, ಎಂಜಿನಿಯರ್ ಬಂದು ಹಂತ ಹಂತಕ್ಕೂ ನೋಡಿ, ಮನೆಯನ್ನು ಮನೆಯವರೇ ಕಟ್ಟಿಕೊಳ್ಳಲಿ ಅಂತ ಬಿಟ್ಟರು. ಸುಮಾರು 2 ಲಕ್ಷ ಮನೆ ಹೀಗೆ ಎದ್ದವು. ಬಾಗಿಲು ಯಾವ ದಿಕ್ಕಿಗೆ, ಜಗಲಿ ಎಷ್ಟು ಅಗಲ ಅಂತ ಅವರೇ ತೀರ್ಮಾನ ಮಾಡಿದರು. ಆಮೇಲೆ ಹೋಗಿ ನೋಡಿದವರಿಗೆ ಆ ಜನ ಜಾಸ್ತಿ ತೃಪ್ತಿಯಿಂದ ಇರುವುದು ಕಂಡಿತು. ಯಾರೂ ಹಿಂತಿರುಗಿ ಹೋಗಿ ನೋಡದಿದ್ದರೆ ಇದು ಯಾರಿಗೆ ಗೊತ್ತಾಗುತ್ತಿತ್ತು?

ಮಲಪ್ರಭಾ ದಂಡೆ:

ಇಷ್ಟು ಹೊತ್ತು ಸುಮ್ನೆ ಓದುತ್ತಿದ್ದೆ. ನೀವೆಲ್ಲ ಕೊಡುವವರು, ನಾನು ತಗೊಂಡವನು. ಬಾಗಲಕೋಟೆ ಜಿಲ್ಲೆ, 2009ರ ನೆರೆಯಲ್ಲೂ ಮನೆ ಹೋಯಿತು, 2019ರಲ್ಲೂ ನೀರು ಬಂತು.

2009ರ ಅಕ್ಟೋಬರ್ ಆದಮೇಲೆ ನಮಗೆ ಎತ್ತರದ ಜಾಗದಲ್ಲಿ ಹೊಸ ಊರು ಕಟ್ಟಿಕೊಟ್ಟರು. ಯಾರು ಕಟ್ಟಿದರು ಅಂತ ಹೆಸರು ಹೇಳುವುದಿಲ್ಲ, ಮನಸ್ಸು ಒಳ್ಳೆಯದೇ ಇತ್ತು. ಮನೆ ಸಿಮೆಂಟಿನದು, ಗಟ್ಟಿ. ಆದರೆ ಎರಡು ಎತ್ತು, ಒಂದು ಎಮ್ಮೆ ಎಲ್ಲಿ ಕಟ್ಟಬೇಕು? ಬಣವೆ ಎಲ್ಲಿ ಒಟ್ಟಬೇಕು? ಹೊಲ ಮೂರು ಕಿಲೋಮೀಟರ್ ದೂರ ಆಯಿತು. ನಮ್ಮವ್ವ ಒಂದು ತಿಂಗಳು ನೋಡಿದಳು, ‘ಎಮ್ಮಿ ಬಿಟ್ಟು ನಾ ಇರೂದಿಲ್ಲ’ ಅಂತ ಹಳೇ ಊರಿಗೆ ವಾಪಸ್ ಹೋದಳು. ಓಣಿಯ ಅರ್ಧ ಜನ ಹಾಗೇ ಹೋದರು. ಹೊಸ ಮನೆಯಲ್ಲಿ ಕಣಕಿ ತುಂಬಿದೆವು. ಹತ್ತು ವರ್ಷ ಆದಮೇಲೆ ಮತ್ತೆ ನೀರು ಬಂದಾಗ, ಮನೆ ಕೊಟ್ಟರೂ ಇವರು ಹೊಳಿ ದಂಡೆ ಬಿಡಲಿಲ್ಲ ಅಂತ ನಮ್ಮನ್ನೇ ಬೈದರು. ಕಟ್ಟುವ ಮುಂಚೆ ಒಂದು ದಿನ ಬಂದು ನಮ್ಮವ್ವನ ಹತ್ತಿರ ಕೂತು ಕೇಳಿದ್ದರೆ ಸಾಕಿತ್ತು.

ಸಿಡ್ನಿಯವರೇ, ನಿಮ್ಮ ಕಾಳಜಿ ಅರ್ಥ ಆಗುತ್ತದೆ. ಆದರೆ ನಮಗೆ ಸಾಕಾಗಿರುವುದು ಪ್ರಶ್ನೆ ಕೇಳಿಸಿಕೊಂಡು ಅಲ್ಲ. ಉತ್ತರ ಬರೆದುಕೊಂಡು ಹೋದವರು ತಿರುಗಿ ಬರುವುದಿಲ್ಲ, ಅದಕ್ಕೆ ಸಾಕಾಗಿದೆ.

ಎಳ್ಳುಹೋಳಿಗೆ ಅವರಿಗೆ ಒಂದು ಮಾತು. ಹೋಗುವಾಗ ಬ್ಯಾನರ್ ಬೇಡ. ಅವತ್ತು ಕಿಟ್ ಹಂಚಿದವರನ್ನೂ ಮುಂದೆ ಕೂರಿಸಬೇಡಿ, ಅವರ ಎದುರಿಗೆ ನಾವು ಎಲ್ಲ ಚಲೋ ಆತ್ರಿ ಅಂತಲೇ ಅನ್ನುತ್ತೇವೆ. ‘ನಾವು ಕೊಟ್ಟಿದ್ದು ಉಪಯೋಗ ಆಯಿತಾ’ ಅಂತ ಕೇಳಬೇಡಿ. ‘ನೀರು ಇಳಿದ ಮೇಲೆ ಹೇಗೆ ಬದುಕಿದಿರಿ, ಯಾರು ಯಾರು ಕೈ ಹಿಡಿದರು’ ಅಂತ ಕೇಳಿ, ಆಮೇಲೆ ಸುಮ್ಮನೆ ಕೂತು ಕೇಳಿಸಿಕೊಳ್ಳಿ. ನಿಮ್ಮ ಹೆಸರು ಆ ಮಾತಿನಲ್ಲಿ ತಾನಾಗಿ ಬರುತ್ತದಾ ನೋಡಿ.

ಎಳ್ಳುಹೋಳಿಗೆ:

ನಿಮ್ಮೆಲ್ಲರಿಗೂ ಹೇಗೆ ಥ್ಯಾಂಕ್ಸ್ ಹೇಳಬೇಕೋ ಗೊತ್ತಾಗುತ್ತಿಲ್ಲ. ದಂಡೆಯವರ ಮಾತು ಓದಿ ತಡೆಯಲಾಗದೆ ನಿನ್ನೆ ಪಟ್ಟಿಯಲ್ಲಿದ್ದ ಐದು ಜನರಿಗೆ ಫೋನ್ ಮಾಡಿದೆ. ಇಬ್ಬರು ಇನ್ನೂ ಹೊಲಿಯುತ್ತಿದ್ದಾರೆ, ಒಬ್ಬರು ಶಾಲೆಯ ಸಮವಸ್ತ್ರದ ಕೆಲಸ ಹಿಡಿದಿದ್ದಾರಂತೆ. ಇಬ್ಬರ ಯಂತ್ರ ಮೂಲೆಯಲ್ಲಿದೆ, ಅವರಿಗೆ ಹೊಲಿಗೆ ಬರುವುದಿಲ್ಲ, ನಾವು ಕಲಿಸಲಿಲ್ಲ. ಐದನೆಯವರು ಅದನ್ನು 2020ರಲ್ಲೇ ಮಾರಿದ್ದಾರೆ. ಹೇಳುವಾಗ ಅಳುಕುತ್ತಿದ್ದರು. ಇದನ್ನು ಸೋತ ಲೆಕ್ಕಕ್ಕೆ ಹಾಕಬೇಕಾ?

ಕರಾವಳಿ ಗಾಳಿ:

ಮಾರಿದ ದುಡ್ಡಿನಲ್ಲಿ ಏನು ಮಾಡಿದರು ಅಂತ ಕೇಳಿದಿರಾ?

ಎಳ್ಳುಹೋಳಿಗೆ:

ಕೇಳಿದೆ. ಲಾಕ್‌ಡೌನ್‌ನಲ್ಲಿ ಗಂಡನಿಗೆ ಕೆಲಸ ಇರಲಿಲ್ಲವಂತೆ. ಎರಡು ಆಡು ತಗೊಂಡರಂತೆ. ಈಗ ಒಂಬತ್ತು ಇವೆ.

ಕರಾವಳಿ ಗಾಳಿ:

ಹಾಗಾದರೆ ಅವರಿಗೆ ಬೇಕಾಗಿದ್ದು ಆಡು. ನೀವು ಯಂತ್ರ ಕೊಟ್ಟಿರಿ, ಅವರೇ ಅದನ್ನು ಆಡು ಮಾಡಿಕೊಂಡರು. ವರದಿಯಲ್ಲಿ ಇದನ್ನು ಮೊದಲ ಪುಟದಲ್ಲೇ ಬರೆಯಿರಿ, ಮೂಲೆಯಲ್ಲಿರುವ ಎರಡು ಯಂತ್ರವನ್ನೂ ಅಲ್ಲೇ ಬರೆಯಿರಿ. ನಿಧಿ ಇಡುವವರಿಗೆ ಅದಕ್ಕಿಂತ ಬೇಕಾದ ಮಾಹಿತಿ ಬೇರೆ ಇಲ್ಲ. ಅವರು ಯಾಕೆ ಅಳುಕಿದರು ಅಂತಲೂ ಯೋಚನೆ ಮಾಡಿ.

ಸಿಡ್ನಿಯಿಂದ:

ಐದು ಫೋನ್ ಕರೆಗೆ ಇಷ್ಟು ಗೊತ್ತಾಯಿತು ಅಂದರೆ ನಾನು ನನ್ನ ಮಾತು ಬದಲಿಸುತ್ತೇನೆ. ಉಳಿದ 17 ಜನರ ಹತ್ತಿರ ಹೋಗಿಬರುವ ಬಸ್ಸಿನ ಖರ್ಚು ನನ್ನದು.

ಎಳ್ಳುಹೋಳಿಗೆ:

ದಸರಾ ರಜೆಯಲ್ಲಿ ಹೋಗುತ್ತಿದ್ದೇವೆ, ನಾನು ಮತ್ತು ಇನ್ನೊಬ್ಬಳು ಗೆಳತಿ. ಅವಳು 2019ರಲ್ಲಿ ಹಂಚಲು ಬಂದಿರಲಿಲ್ಲ, ಅವಳ ಮುಖ ಅಲ್ಲಿ ಯಾರಿಗೂ ಗೊತ್ತಿಲ್ಲ. ಅವಳೇ ಮಾತಾಡುತ್ತಾಳೆ, ನಾನು ಊರ ಹೊರಗಿನ ಓಣಿಗೆ ಹೋಗುತ್ತೇನೆ. ಆ ಓಣಿಗೆ ಅವತ್ತು ನಮ್ಮ ಗಾಡಿ ಹೋಗಿರಲಿಲ್ಲ, ಕೆಸರು ಇದೆ ಅಂತ ಮುಂದೆಯೇ ನಿಲ್ಲಿಸಿದ್ದೆವು. ಬಂದಮೇಲೆ ಇಲ್ಲೇ ಬರೆಯುತ್ತೇನೆ.