ಮಳೆಗೋವಿಯೋ, ಬೀಸುಗೋವಿಯೋ?

ಕಾಲ್ಪನಿಕ ಸಾಮ್ರಾಜ್ಯವೊಂದರ ಕತೆ ಬರೆಯುತ್ತಿದ್ದೇನೆ. ಸ್ಟೀಮ್‌ಪಂಕ್ ಬಗೆಯದು: ಪೆಟ್ರೋಲ್ ಇಲ್ಲ, ವಿದ್ಯುತ್ ಇಲ್ಲ; ಕಲ್ಲಿದ್ದಲು, ಬಾಯ್ಲರ್, ಹಲ್ಲುಗಾಲಿಗಳನ್ನು ನಂಬಿ ದಂಡು ನಡೆಯುತ್ತದೆ. ಯಂತ್ರಗಳನ್ನು ಕಲ್ಪಿಸಿಕೊಳ್ಳುವುದು ಕಷ್ಟವಾಗಲಿಲ್ಲ. ಹೆಸರಿಡುವಾಗ ಸಿಕ್ಕಿಬಿದ್ದೆ.

ಮೊದಲ ಪುಟದಲ್ಲೇ ‘ಫಿರಂಗಿ’ ಎಂದು ಬರೆದು ಹೊಡೆದುಹಾಕಿದೆ. ಫಿರಂಗಿ ಎಂದರೆ ಫ್ರಾಂಕರದು, ಯುರೋಪಿನವರದು. ಯುರೋಪೇ ಇಲ್ಲದ ಲೋಕಕ್ಕೆ ಆ ಹೆಸರು ಎಲ್ಲಿಂದ ಬಂದೀತು? ಒಂದರ ಹಿಂದೊಂದು ಗುಂಡು ಹಾರಿಸುತ್ತಲೇ ಇರುವ ಬಂದೂಕುಗಳಾದ ಗ್ಯಾಟ್ಲಿಂಗ್, ಮ್ಯಾಕ್ಸಿಮ್ ಕೂಡ ಇದೇ ಕಾರಣಕ್ಕೆ ಹೊರಗೆ. ಅವು ಆ ಬಂದೂಕುಗಳನ್ನು ರೂಪಿಸಿದವರ ಹೆಸರುಗಳು. ತೋಪು, ತುಪಾಕಿ ಎರಡರ ಬೇರೂ ತುರ್ಕಿ ಭಾಷೆಯಲ್ಲಿದೆ ನಿಜ, ಆದರೆ ಅವುಗಳಿಗೆ ಊರಿನ ವಾಸನೆ ಉಳಿದಿಲ್ಲ. ಅಷ್ಟು ಮಡಿ ಮಾಡಿದರೆ ಕತೆ ಮುಂದೆ ಹೋಗುವುದಿಲ್ಲ ಎಂದು ತೋಪನ್ನು ಇಟ್ಟುಕೊಂಡೆ. ತುಪಾಕಿಗಿಂತ ಕೋವಿ ಹೆಚ್ಚು ಒದಗುತ್ತದೆ, ಏಕೆಂದರೆ ಅದು ಸಮಾಸದಲ್ಲಿ ಬಾಗುತ್ತದೆ: ಮಳೆಗಾಲದ ಹಾಗೆ ಮಳೆಗೋವಿ. ‘ಮಳೆದುಪಾಕಿ’ ಎಂದು ಒಮ್ಮೆ ಹೇಳಿ ನೋಡಿ.

ಮೆಷಿನ್ ಗನ್‌ಗೆ ಈ ಮಳೆಗೋವಿಯೇ ನನ್ನ ಮೊದಲ ಆಯ್ಕೆಯಾಗಿತ್ತು. ಎರಡು ದಿನದಲ್ಲಿ ಬೇಸರ ಬಂತು. ‘ಗುಂಡಿನ ಸುರಿಮಳೆ’ ಪತ್ರಿಕೆಗಳಲ್ಲಿ ಸವೆದುಹೋದ ಮಾತು. ಜೊತೆಗೆ ಹೊಲಕ್ಕೆ ನೀರು ಚಿಮ್ಮಿಸುವ ರೇನ್‌ಗನ್ ನೆನಪಾಗಿ ಯುದ್ಧದ ಬಿಸಿಯೇ ಆರಿಹೋಗುತ್ತದೆ. ‘ಯಂತ್ರಕೋವಿ’ ಇನ್ನೂ ಸಪ್ಪೆ. ಎಲ್ಲವೂ ಯಂತ್ರವೇ ಆಗಿರುವ ನಾಡಿನಲ್ಲಿ ಯಂತ್ರ ಎಂಬ ವಿಶೇಷಣ ಏನು ಹೇಳುತ್ತದೆ?

ಆಗ ಹೊಳೆದದ್ದು ‘ಬೀಸುಗೋವಿ’. 1862ರಲ್ಲಿ ಪೇಟೆಂಟ್ ಪಡೆದ ಗ್ಯಾಟ್ಲಿಂಗ್ ಮಾದರಿಯನ್ನು ನೆನಪಿಸಿಕೊಳ್ಳಿ: ಒಟ್ಟುಗೂಡಿಸಿದ ಹಲವು ನಳಿಕೆಗಳು, ಪಕ್ಕದಲ್ಲಿ ಹಿಡಿಕೆ. ಮೇಲಿನಿಂದ ತೋಟಾ ಸುರಿಯಬೇಕು, ಹಿಡಿಕೆ ತಿರುಗಿಸಬೇಕು, ಮುಂದಿನಿಂದ ಗುಂಡು. ಬೀಸುಕಲ್ಲಿನ ಕೆಲಸವೇ ಅಲ್ಲವೇ? ಇದು ನನ್ನೊಬ್ಬನ ಚೇಷ್ಟೆಯಲ್ಲ. ಅಮೆರಿಕದ ಅಂತರ್ಯುದ್ಧದಲ್ಲಿ ಇಂಥದ್ದೇ ಇನ್ನೊಂದು ಬಂದೂಕನ್ನು ‘ಕಾಫಿ ಬೀಸುವ ಗಿರಣಿ’ ಎಂದೇ ಕರೆಯುತ್ತಿದ್ದರು. ಕನ್ನಡದ ‘ಬೀಸು’ ಅದಕ್ಕಿಂತ ದೊಡ್ಡ ಮಾತು. ಕಾಳು ಬೀಸುತ್ತೇವೆ, ಬಲೆ ಬೀಸುತ್ತೇವೆ, ಕತ್ತಿ ಬೀಸುತ್ತೇವೆ, ಗಾಳಿ ತಾನೇ ಬೀಸುತ್ತದೆ. ದಳಪತಿ ‘ಬೀಸು!’ ಎಂದು ಕೂಗಿದರೆ ನಾಲ್ಕೂ ಅರ್ಥ ಒಟ್ಟಿಗೆ ಕೇಳಿಸಬೇಕು ಎಂಬುದು ನನ್ನ ಆಸೆ. ಶಸ್ತ್ರಾಗಾರದ ಕಡತದಲ್ಲಿ ಮಾತ್ರ ಇದರ ಹೆಸರು ‘ಶತಘ್ನಿ’, ನೂರು ಜನರನ್ನು ಕೊಲ್ಲುವಂಥದ್ದು. ಅರಮನೆ ಒಂದು ಹೆಸರಿಡುತ್ತದೆ, ಹಿಡಿಕೆ ತಿರುಗಿಸುವವನು ಇನ್ನೊಂದು.

ತೊಡಕು ಎರಡನೆಯ ತಲೆಮಾರಿನ ಕೋವಿಯದು. ಅದಕ್ಕೆ ಮಾದರಿ 1884ರ ಮ್ಯಾಕ್ಸಿಮ್. ಒಂದೇ ನಳಿಕೆ, ಹಿಡಿಕೆ ಇಲ್ಲ. ಗುಂಡು ಹಾರಿದಾಗಿನ ಒದೆತವನ್ನೇ ಬಳಸಿಕೊಂಡು ಖಾಲಿ ತೋಟಾವನ್ನು ಹೊರಗೆಸೆದು ಮುಂದಿನದನ್ನು ತಾನೇ ತುಂಬಿಕೊಳ್ಳುತ್ತದೆ, ನಿಮಿಷಕ್ಕೆ ಸುಮಾರು 600 ಗುಂಡು. ನಳಿಕೆಯ ಸುತ್ತ ನೀರಿನ ಕವಚ. ಎಡೆಬಿಡದೆ ಹಾರಿಸಿದರೆ ಆ ನೀರು ಕುದಿದು, ಮೂತಿಯ ಹತ್ತಿರ ಬಿಳಿ ಹಬೆ ಎದ್ದು, ಅಡಗಿರುವ ಜಾಗವನ್ನು ಶತ್ರುವಿಗೆ ತೋರಿಸಿಬಿಡುತ್ತದೆ. ಹಬೆಯ ಕತೆಗೆ ಇದಕ್ಕಿಂತ ಒಳ್ಳೆಯ ಕೋವಿ ಎಲ್ಲಿ ಸಿಕ್ಕೀತು? ‘ಒದೆಗೋವಿ’ ಎನ್ನಲೇ? ಅಥವಾ ಬೀಸುವುದು ನಿಂತರೂ ಬೀಸುಗೋವಿಯೇ ಉಳಿಯಲಿ ಎನ್ನಲೇ? ತಿರುಗಿಸುವ ಬಿಲ್ಲೆ ಹೋಗಿ ಎಷ್ಟೋ ಕಾಲವಾದರೂ ಫೋನ್ ‘ಡಯಲ್’ ಮಾಡುವವರು ನಾವು.

ಇನ್ನು ವಾಹನಗಳು. ಸಾಮಾನು ಹೊರುವುದು ‘ಹೇರುಬಂಡಿ’, ಇದರಲ್ಲಿ ತಕರಾರಿಲ್ಲ. 1769ರಲ್ಲಿ ಕುನ್ಯೊ ಎಂಬ ಫ್ರೆಂಚ್ ಸೇನಾ ಎಂಜಿನಿಯರ್ ತೋಪು ಎಳೆಯಲೆಂದು ಮೂರು ಗಾಲಿಯ ಉಗಿವಾಹನ ಮಾಡಿದಾಗಲೂ ಭಾರದ ಬಂಡಿಗಿದ್ದ ಹಳೆಯ ಹೆಸರೇ ಅದಕ್ಕೂ ಆಯಿತು. ಕಾದಾಡುವ ವಾಹನಕ್ಕೆ ‘ಉಗಿರಥ’ ಎಂದರೆ ಕನ್ನಡಕ್ಕೆ ಸಂಸ್ಕೃತ ಬೆರೆಸಿದ ಅರಿಸಮಾಸವೆಂದು ಯಾರಾದರೂ ಕಿವಿ ಹಿಂಡುತ್ತೀರಿ. ‘ಉಗಿದೇರು’ ಎಂದು ತಿದ್ದಿಕೊಂಡೆ. ಕರಡು ಓದಿದ ಗೆಳೆಯನೊಬ್ಬ ಅದನ್ನು ‘ಉಗಿದು ಏರು’ ಎಂದು ಬಿಡಿಸಿ ಓದಿ ನಕ್ಕ! ಬೆಂಕಿ ಉಗಿದು ದಿಬ್ಬ ಏರುವ ಯಂತ್ರಕ್ಕೆ ಅದು ತಪ್ಪೇನೂ ಅಲ್ಲ, ಆದರೆ ಗಂಭೀರ ಸನ್ನಿವೇಶದಲ್ಲಿ ಓದುಗರು ನಕ್ಕರೆ ಕಷ್ಟ.

‘ಟ್ಯಾಂಕ್’ ಅಂತೂ ಬೇಡ. ಮೊದಲ ಮಹಾಯುದ್ಧದಲ್ಲಿ ಗುಟ್ಟು ಬಿಟ್ಟುಕೊಡದಿರಲು ನೀರಿನ ತೊಟ್ಟಿ ಎಂದು ಹೇಳಿದ ಸುಳ್ಳು ಅದು. 1916ರ ಸೆಪ್ಟೆಂಬರ್‌ನಲ್ಲಿ ಸೊಮ್ ರಣರಂಗಕ್ಕೆ ಇಳಿದ ಮೇಲೂ ಆ ಸುಳ್ಳೇ ಹೆಸರಾಗಿ ನಿಂತಿತು. ನನಗೆ ಕೀಲುಕುದುರೆಯ ದಾರಿ ಇಷ್ಟ. ಕೀಲು ತಿರುವಿದರೆ ಹಾರುವ ಕುದುರೆಯನ್ನು ಕತೆಗಳಲ್ಲಿ ಕೇಳಿ ಬೆಳೆದವರಿಗೆ ‘ಕೀಲಾನೆ’ ಬಿಡಿಸಿ ಹೇಳಬೇಕಿಲ್ಲ. ಹಳೆಯ ಕತೆಗಳ ವತ್ಸರಾಜ ಉದಯನನನ್ನು ಸೆರೆಹಿಡಿದದ್ದೂ ಹೊಟ್ಟೆಯೊಳಗೆ ಸೈನಿಕರನ್ನು ಅಡಗಿಸಿಕೊಂಡ ಕೃತಕ ಆನೆಯೇ.

ಕೇಳಬೇಕಾದ್ದು ಇಷ್ಟು: ಕೀಲಾನೆ ಎಂದಾಗ ನಿಮಗೆ ಉಕ್ಕಿನ ಭಾರ ಕಾಣುತ್ತದೆಯೋ, ಮಕ್ಕಳ ಆಟಿಕೆ ಕಾಣುತ್ತದೆಯೋ? ಒದೆಗೋವಿಯನ್ನು ಮೊದಲ ಸಲ ಓದಿದವರಿಗೆ ಒದೆ ಬೀಳುವುದು ಯಾರಿಗೆ ಎಂಬ ಗೊಂದಲವಾಗುತ್ತದೆಯೇ? ಹಾಗೆಯೇ, ನಿಮ್ಮ ಬಳಕೆಯಲ್ಲಿ ಹಬೆಗೂ ಉಗಿಗೂ ವ್ಯತ್ಯಾಸವಿದೆಯೇ? ನಾನು ಬಾಯ್ಲರ್‌ನ ಒಳಗಿನ ಒತ್ತಡಕ್ಕೆ ಉಗಿ, ಹೊರಗೆ ಚೆಲ್ಲಿ ಕರಗುವುದಕ್ಕೆ ಹಬೆ ಎಂದು ಬರೆಯುತ್ತಾ ಬಂದಿದ್ದೇನೆ.